ಒಹಿಪ್, ಕಂಪನಿ ಇನ್ಶೂರೆನ್ಸ್, ಕೋಬ್ರಾ, ಮೆಡಿಕೇರ್: ನಮ್ಮ ಮನೆ ಕಂಡ ನಾಲ್ಕು ವ್ಯವಸ್ಥೆಗಳು

ಅಮೆರಿಕದಲ್ಲಿ ಎಲ್ಲರ ಆಸ್ಪತ್ರೆ ಖರ್ಚನ್ನೂ ತೆರಿಗೆ ಹಣದಿಂದಲೇ ಭರಿಸಬೇಕೆ ಎಂಬ ಮಾತು ಬಂದಾಗಲೆಲ್ಲ ನಮ್ಮ ಕನ್ನಡ ಕೂಟದ ಗೆಳೆಯರಿಂದ ಎರಡು ಆಕ್ಷೇಪ ತಪ್ಪದೆ ಬರುತ್ತವೆ. ‘ಕೆನಡಾದಲ್ಲಿ ಒಂದು ಸ್ಕ್ಯಾನ್‌ಗೆ ತಿಂಗಳುಗಟ್ಟಲೆ ಕಾಯಿಸ್ತಾರೆ’ ಎನ್ನುವುದೊಂದು. ‘ನಾವು ದುಡಿದಿದ್ದನ್ನ ಇನ್ನೊಬ್ಬರ ಆಸ್ಪತ್ರೆ ಬಿಲ್ಲಿಗೆ ಯಾಕೆ ಕೊಡಬೇಕು’ ಎನ್ನುವುದು ಇನ್ನೊಂದು. ಮೊದಲನೆಯದು ನಿಜ, ನಾನೇ ಕಾದಿದ್ದೇನೆ. ಎರಡನೆಯದನ್ನು ನಾನು ಒಪ್ಪುವುದಿಲ್ಲ. ಯಾಕೆಂದರೆ ಈ ಖಂಡದಲ್ಲಿ ನಾಲ್ಕು ಬಗೆಯ ವ್ಯವಸ್ಥೆಗಳಲ್ಲಿ ನಮ್ಮ ಮನೆಯವರು ಮದ್ದು ತೆಗೆದುಕೊಂಡಿದ್ದೇವೆ, ನಾಲ್ಕಕ್ಕೂ ದುಡ್ಡು ಕಟ್ಟಿದ್ದೇವೆ. ಕೆನಡಾದ ಮಿಸಿಸಾಗಾದಲ್ಲಿದ್ದಾಗ ಒಹಿಪ್, ಅಂದರೆ ಒಂಟಾರಿಯೊ ಪ್ರಾಂತ್ಯದ ಸರ್ಕಾರ ತೆರಿಗೆ ಹಣದಿಂದ ನಡೆಸುವ ಆರೋಗ್ಯ ವಿಮೆ. ನ್ಯೂಜೆರ್ಸಿಗೆ ಬಂದ ಮೇಲೆ ಗಂಡನ ಕಂಪನಿಯ ಇನ್ಶೂರೆನ್ಸ್. ಅವರ ಕೆಲಸ ಹೋದಾಗ ಅದೇ ಇನ್ಶೂರೆನ್ಸನ್ನು ನಮ್ಮ ದುಡ್ಡಲ್ಲಿ ಮುಂದುವರಿಸುವ ಕೋಬ್ರಾ, ಅದರ ಹಿಂದೆಯೇ ನಾವೇ ಕೊಳ್ಳುವ ಖಾಸಗಿ ವಿಮೆಯಾದ ಒಬಾಮಾಕೇರ್. ಅತ್ತೆಯವರಿಗೆ ಮೆಡಿಕೇರ್, ಅಂದರೆ ಮುಖ್ಯವಾಗಿ 65 ದಾಟಿದವರಿಗೆ ಅಮೆರಿಕ ಸರ್ಕಾರ ನಡೆಸುವ ವಿಮೆ.

ಒಹಿಪ್‌ನಿಂದಲೇ ಶುರು ಮಾಡುತ್ತೇನೆ. ನಾವು ಹೋದ ಕಾಲಕ್ಕೆ ಹೊಸದಾಗಿ ಬಂದವರು ಮೂರು ತಿಂಗಳು ಕಾಯಬೇಕಿತ್ತು (2020ರಲ್ಲಿ ಆ ನಿಯಮ ತೆಗೆದರು). ಆಮೇಲೆ ಫೋಟೊ ಇರುವ ಹಸಿರು ಕಾರ್ಡ್ ಬಂತು. ಮಗ ಹುಟ್ಟಿದ್ದು ಅಲ್ಲೇ, ಸಿಸೇರಿಯನ್. ಅರಿವಳಿಕೆ ಕೊಟ್ಟವರು ಯಾರು, ಮಗುವನ್ನು ನೋಡಿದ ಡಾಕ್ಟರು (ಇನ್ಶೂರೆನ್ಸ್ ಕಂಪನಿ ಒಪ್ಪಿದ ಡಾಕ್ಟರುಗಳ ಪಟ್ಟಿಯೇ ನೆಟ್‌ವರ್ಕ್) ಯಾವ ನೆಟ್‌ವರ್ಕಿನವರು ಎಂದು ಕೇಳುವ ಪ್ರಸಂಗವೇ ಬರಲಿಲ್ಲ. ಮನೆಗೆ ಹೊರಡುವಾಗ ನಾವು ಕೊಟ್ಟಿದ್ದು ಪಾರ್ಕಿಂಗ್ ಹಣವನ್ನಷ್ಟೆ. ಅಲ್ಲಿ ಎಲ್ಲವೂ ಬಿಟ್ಟಿ ಎಂದು ಹೇಳುವವರಿಗೆ ಪೂರ್ತಿ ಗೊತ್ತಿಲ್ಲ: ಆಂಬುಲೆನ್ಸ್‌ಗೆ 45 ಡಾಲರ್ ಇದೆ, ಒಬ್ಬರೇ ಇರುವ ಕೋಣೆ ಬೇಕೆಂದರೆ ಬೇರೆ ದುಡ್ಡು, ದೊಡ್ಡವರ ಕನ್ನಡಕ, ಹಲ್ಲು ಒಹಿಪ್‌ನಲ್ಲಿ ಇಲ್ಲ. ಆಸ್ಪತ್ರೆಯ ಹೊರಗೆ ಕೊಳ್ಳುವ ಔಷಧಿಗೂ ನಮ್ಮ ಪ್ರಾಯದವರು ಕಂಪನಿ ಕೊಡುವ ಇನ್ಶೂರೆನ್ಸನ್ನೇ ನೆಚ್ಚಬೇಕು. ಕೆನಡಾದ ಒಟ್ಟು ಆರೋಗ್ಯ ಖರ್ಚಿನಲ್ಲಿ ಸರ್ಕಾರದ ಪಾಲು ಸುಮಾರು 70 ಪರ್ಸೆಂಟ್ ಮಾತ್ರ. ದುಡ್ಡು ಬರುವುದು ಹೆಚ್ಚಾಗಿ ಸಾಮಾನ್ಯ ತೆರಿಗೆಯಿಂದ. ಒಂಟಾರಿಯೊ ಹೆಲ್ತ್ ಪ್ರೀಮಿಯಂ ಎಂದು ಆದಾಯ ತೆರಿಗೆಯ ಜತೆ ಹಿಡಿಯುವ ಮೊತ್ತ ಬೇರೆ ಇದೆ, ಅದು ಎಷ್ಟೇ ಸಂಬಳವಿದ್ದರೂ ವರ್ಷಕ್ಕೆ 900 ಡಾಲರ್ ದಾಟುವುದಿಲ್ಲ.

ಇನ್ನು ಕಾಯುವ ವಿಚಾರ. ಅಲ್ಲಿದ್ದಾಗ ನನ್ನ ಮೊಣಕಾಲು ನೋವು ಶುರುವಾಯಿತು. ಎಂಆರ್‌ಐ ಆಗಿ ತಜ್ಞರನ್ನು ಕಾಣುವಷ್ಟರಲ್ಲಿ ಚಳಿಗಾಲ ಪೂರ್ತಿ ಕಳೆದಿತ್ತು. ಹಿಮದ ಮೇಲೆ ಕುಂಟುತ್ತ ಬಸ್ ಹಿಡಿದ ಆ ತಿಂಗಳುಗಳನ್ನು ಯಾರು ಎಷ್ಟೇ ಸಮರ್ಥಿಸಿದರೂ ನಾನು ಸರಿ ಎನ್ನುವುದಿಲ್ಲ. ಒಂಟಾರಿಯೊದಲ್ಲಿ ಫ್ಯಾಮಿಲಿ ಡಾಕ್ಟರ್ ಇಲ್ಲದವರ ಸಂಖ್ಯೆಯೇ 20 ಲಕ್ಷಕ್ಕೂ ಹೆಚ್ಚು. ಡಾಕ್ಟರೇ ಸಿಗದವರ ಕೈಯಲ್ಲಿ ಕಾರ್ಡ್ ಇದ್ದು ಏನು ಪ್ರಯೋಜನ? ತೆರಿಗೆಯಿಂದ ನಡೆಯುವ ವ್ಯವಸ್ಥೆಯ ಪರ ಮಾತಾಡುವವರು ಇದನ್ನು ಮುಚ್ಚಿಡಬಾರದು.

ಅದೇ ಮೊಣಕಾಲು ನ್ಯೂಜೆರ್ಸಿಯಲ್ಲಿ ಮತ್ತೆ ಕೈಕೊಟ್ಟಿತು. ಆ ವಾರವೇ ತಜ್ಞರು ಸಿಕ್ಕರು, ಮುಂದಿನ ವಾರ ಎಂಆರ್‌ಐ. ನೋಡಿದ ಡಾಕ್ಟರ್, ಫಿಸಿಯೋಥೆರಪಿ ಮಾಡಿಸಿದ ಹುಡುಗಿ, ಇಬ್ಬರೂ ಎಷ್ಟು ಚೆನ್ನಾಗಿ ನೋಡಿಕೊಂಡರೆಂದರೆ ಇವತ್ತಿಗೂ ನೆನೆಯುತ್ತೇನೆ. ಒಳ್ಳೆಯ ಇನ್ಶೂರೆನ್ಸ್ ಕೈಯಲ್ಲಿರುವಷ್ಟು ಕಾಲ ಅಮೆರಿಕದ ವೈದ್ಯಕೀಯಕ್ಕೆ ಸಾಟಿಯಿಲ್ಲ ಎಂಬ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ‘ಕೈಯಲ್ಲಿರುವಷ್ಟು ಕಾಲ’ ಎಂಬ ಷರತ್ತಿನ ಮೇಲೆ ಇಡೀ ಸಂಸಾರ ನಿಂತಿರುತ್ತದೆ.

ಕಂಪನಿ ಕೊಡುವ ಇನ್ಶೂರೆನ್ಸಿನಲ್ಲೂ ಎರಡು ಬಗೆ ಬಳಸಿ ನೋಡಿದ್ದೇವೆ. ಪಿಪಿಓ ಎಂಬುದರಲ್ಲಿ ಸಂಬಳದಿಂದ ಹಿಡಿಯುವ ತಿಂಗಳ ಕಡಿತ ಹೆಚ್ಚು, ಡಾಕ್ಟರ್ ಹತ್ತಿರ ಹೋದಾಗ ಕೊಡುವ ಕೋಪೇ ಸಣ್ಣದು. ಎಚ್‌ಡಿಎಚ್‌ಪಿಯಲ್ಲಿ ಕಡಿತ ಕಡಿಮೆ, ಡಿಡಕ್ಟಿಬಲ್ ದೊಡ್ಡದು. ಅಂದರೆ ಅಷ್ಟು ಹಣ ನಮ್ಮ ಕೈಯಿಂದ ಹೋಗುವವರೆಗೂ ಇನ್ಶೂರೆನ್ಸ್ ಕಂಪನಿ ಹೆಚ್ಚಿನದಕ್ಕೆ ಕಾಸು ಬಿಚ್ಚುವುದಿಲ್ಲ. 2025ರ ನಿಯಮದಂತೆ ಕುಟುಂಬಕ್ಕೆ ಈ ಡಿಡಕ್ಟಿಬಲ್ ಕಡೇಪಕ್ಷ 3,300 ಡಾಲರ್ ಇರಬೇಕಿತ್ತು. ಬದಲಿಗೆ ಎಚ್‌ಎಸ್‌ಎ ಎಂಬ ವೈದ್ಯಕೀಯ ಉಳಿತಾಯ ಖಾತೆಯಲ್ಲಿ ಆ ವರ್ಷ ತೆರಿಗೆಯಿಲ್ಲದೆ 8,550 ಡಾಲರ್‌ವರೆಗೆ ಕೂಡಿಡಬಹುದಿತ್ತು. ಕಾಯಿಲೆ ಕಸಾಲೆ ಇಲ್ಲದ, ಉಳಿತಾಯವಿರುವ ಜೋಡಿಗೆ ಇದು ಲಾಭವೇ. ನಮ್ಮ ಮಗನಿಗೆ ಅಸ್ತಮಾ. ಎಚ್‌ಡಿಎಚ್‌ಪಿ ಇದ್ದ ಕಾಲದಲ್ಲಿ ಒಂದು ರಾತ್ರಿ ಅವನ ಉಸಿರು ಸಿಳ್ಳೆ ಹೊಡೆಯುತ್ತಿದ್ದಾಗ ಎಮರ್ಜೆನ್ಸಿಗೆ ಹೋಗುವುದೋ ಬೆಳಗಿನವರೆಗೆ ನೆಬ್ಯುಲೈಜರ್‌ನಲ್ಲೇ ನೋಡುವುದೋ ಎಂದು ನಾವಿಬ್ಬರೂ ಅಡುಗೆಮನೆಯಲ್ಲಿ ನಿಂತು ಪಿಸುಗುಟ್ಟಿದೆವು. ಡಿಡಕ್ಟಿಬಲ್ ಇನ್ನೂ ಮುಗಿದಿಲ್ಲ ಎಂಬ ಯೋಚನೆ ಇಬ್ಬರ ತಲೆಯಲ್ಲೂ ಇತ್ತು. ಕೊನೆಗೆ ಹೋದೆವು, ಅವನು ಚೇತರಿಸಿಕೊಂಡ. ಮಗುವಿನ ಉಸಿರಿನ ಎದುರು ತಂದೆತಾಯಿಯರನ್ನು ಈ ಲೆಕ್ಕಕ್ಕೆ ಕೂರಿಸುವ ವ್ಯವಸ್ಥೆ ತಪ್ಪು. ಮಿಸಿಸಾಗಾದಲ್ಲಿ ಎಮರ್ಜೆನ್ಸಿಯಲ್ಲಿ ಗಂಟೆಗಟ್ಟಲೆ ಕೂತಿದ್ದೇವೆ, ನಿಜ, ಆದರೆ ಹೋಗಬೇಕೋ ಬೇಡವೋ ಎಂದು ದುಡ್ಡಿಗಾಗಿ ಯೋಚಿಸಿದ್ದಿಲ್ಲ.

ಇದರ ಮೇಲೆ ಪ್ರಯರ್ ಆಥರೈಸೇಶನ್. ಡಾಕ್ಟರು ಬರೆದ ಇನ್‌ಹೇಲರ್‌ಗೆ ಇನ್ಶೂರೆನ್ಸಿನವರ ಮುಂಗಡ ಒಪ್ಪಿಗೆ ಬೇಕು. ಒಪ್ಪಿಗೆ ಸಿಗದೆ ಬೇರೆ ಔಷಧಿಗೆ ಬದಲಾಯಿಸಿದರು, ಅದು ಅವನಿಗೆ ಒಗ್ಗಲಿಲ್ಲ, ಮತ್ತೆ ಡಾಕ್ಟರ ಆಫೀಸು, ಮತ್ತೆ ಫ್ಯಾಕ್ಸು. ಸರ್ಕಾರ ಬಂದರೆ ರೋಗಿ ಮತ್ತು ಡಾಕ್ಟರ ನಡುವೆ ಅಧಿಕಾರಿ ಬಂದು ಕೂರುತ್ತಾನೆ ಎಂದು ಹೆದರಿಸುವವರು ಈಗ ಅಲ್ಲಿ ಕೂತಿರುವವರನ್ನೂ ನೋಡಬೇಕು.

ಆರೋಗ್ಯ ವಿಮೆ ಕೆಲಸ ಕೊಡುವ ಕಂಪನಿಗಳ ಕೈಗೆ ಹೋದದ್ದು ಯಾರೋ ಕೂತು ಆಲೋಚಿಸಿ ಮಾಡಿದ ಏರ್ಪಾಡಲ್ಲ. ಎರಡನೇ ಮಹಾಯುದ್ಧದ ಹೊತ್ತಲ್ಲಿ, 1942ರಲ್ಲಿ, ಸಂಬಳ ಏರಿಸದಂತೆ ಸರ್ಕಾರ ಕಡಿವಾಣ ಹಾಕಿತು. ಕೆಲಸಗಾರರನ್ನು ಸೆಳೆಯಲು ಕಂಪನಿಗಳು ಇನ್ಶೂರೆನ್ಸ್ ಕೊಡತೊಡಗಿದವು. 1954ರ ತೆರಿಗೆ ಕಾನೂನು ಅದಕ್ಕೆ ತೆರಿಗೆ ವಿನಾಯಿತಿಯನ್ನು ಗಟ್ಟಿ ಮಾಡಿತು. 1945ರಲ್ಲಿ ಅಧ್ಯಕ್ಷ ಟ್ರೂಮನ್ ಇಡೀ ದೇಶಕ್ಕೆ ಒಂದೇ ಆರೋಗ್ಯ ವಿಮೆ ಬೇಕೆಂದು ಕಾಂಗ್ರೆಸ್ಸನ್ನು ಕೇಳಿದ್ದರು, ಆಗಲಿಲ್ಲ. ಅಂದು ಕೆಲಸಕ್ಕೆ ಕಟ್ಟಿದ ಗಂಟು ಇಂದಿಗೂ ಬಿಚ್ಚಿಲ್ಲ. ನಮ್ಮಂಥ ಎಚ್-1ಬಿ ಎಂಬ ಕೆಲಸದ ವೀಸಾದವರಿಗೆ ಅದು ಇಮ್ಮಡಿ ಬಿಗಿ: ಕೆಲಸ ಹೋದರೆ ವೀಸಾಕ್ಕೆ 60 ದಿನದ ಗಡುವು, ಇನ್ಶೂರೆನ್ಸ್ ಸಾಮಾನ್ಯವಾಗಿ ಆ ತಿಂಗಳ ಕೊನೆಯವರೆಗೆ.

ಗಂಡನ ಕೆಲಸ ಹೋದಾಗ ಇದು ನಮಗೆ ಅರ್ಥವಾಯಿತು. ಕೋಬ್ರಾ ಎಂಬ ಕಾನೂನಿನ ಪ್ರಕಾರ ಹಳೆಯ ಇನ್ಶೂರೆನ್ಸನ್ನೇ 18 ತಿಂಗಳು ಮುಂದುವರಿಸಬಹುದು. ಆದರೆ ಇಷ್ಟು ದಿನ ಕಂಪನಿ ತುಂಬುತ್ತಿದ್ದ ಪಾಲನ್ನೂ ನಾವೇ ಕಟ್ಟಬೇಕು, ಮೇಲೆ ಇನ್ನೆರಡು ಪರ್ಸೆಂಟ್. 2024ರಲ್ಲಿ ಕಂಪನಿಗಳ ಕುಟುಂಬ ಪ್ರೀಮಿಯಂನ ಸರಾಸರಿ ವರ್ಷಕ್ಕೆ 25,572 ಡಾಲರ್ ಇತ್ತು. ಅದರಲ್ಲಿ ನೌಕರರ ಕೈಯಿಂದ ಹೋಗುತ್ತಿದ್ದುದು 6,296 ಮಾತ್ರ. ಆ ಸರಾಸರಿಯನ್ನೇ ಹಿಡಿದರೂ ಕೋಬ್ರಾಕ್ಕೆ ತಿಂಗಳಿಗೆ ಸುಮಾರು 2,170 ಡಾಲರ್ ಆಗುತ್ತದೆ. ಸಂಬಳ ನಿಂತ ತಿಂಗಳಲ್ಲೇ ಈ ಬಿಲ್ ಬರುತ್ತದೆ. ಹೊಸ ಕೆಲಸವೇನೋ ಸಿಕ್ಕಿತು. ಆದರೆ ಅದು ಸಣ್ಣ ಕಂಪನಿ, 50 ಜನಕ್ಕಿಂತ ಕಡಿಮೆ ಇದ್ದರೆ ಇನ್ಶೂರೆನ್ಸ್ ಕೊಡಲೇಬೇಕೆಂಬ ಕಾನೂನಿಲ್ಲ, ಅವರು ಕೊಡುತ್ತಿರಲಿಲ್ಲ. ಹಾಗಾಗಿ ಕೋಬ್ರಾ ಬಿಟ್ಟು, ಇನ್ಶೂರೆನ್ಸ್ ಕೊಳ್ಳಲು ರಾಜ್ಯ ಸರ್ಕಾರ ನಡೆಸುವ ನ್ಯೂಜೆರ್ಸಿಯ ಮಾರ್ಕೆಟ್‌ಪ್ಲೇಸ್‌ನಲ್ಲಿ ಒಬಾಮಾಕೇರ್ ಕೊಂಡೆವು.

ಒಬಾಮಾಕೇರ್‌ಗೆ ನಾನು ಋಣಿ. 2010ರ ಆ ಕಾನೂನು ಇಲ್ಲದಿದ್ದರೆ ಅಸ್ತಮಾ ಇರುವ ಮಗನ ಹೆಸರು ನೋಡಿಯೇ ಬೇಡ ಎನ್ನುವ ಹಕ್ಕು ಇನ್ಶೂರೆನ್ಸಿನವರಿಗೆ ಹಲವು ರಾಜ್ಯಗಳಲ್ಲಿ ಇರುತ್ತಿತ್ತು. ಆದಾಯ ನೋಡಿ ಸಬ್ಸಿಡಿಯೂ ಸಿಗುತ್ತದೆ. ಆದರೂ ವರ್ಷದ ನಡುವೆ ಬದಲಾಯಿಸಿದ್ದರಿಂದ ಅಲ್ಲಿಯವರೆಗೆ ಕಟ್ಟಿದ್ದ ಡಿಡಕ್ಟಿಬಲ್ ಲೆಕ್ಕಕ್ಕೇ ಬರಲಿಲ್ಲ, ಸೊನ್ನೆಯಿಂದ ಶುರು. ಮಗನನ್ನು ಚಿಕ್ಕಂದಿನಿಂದ ನೋಡಿದ್ದ ಡಾಕ್ಟರ್ ಹೊಸ ನೆಟ್‌ವರ್ಕ್‌ನಲ್ಲಿ ಇರಲಿಲ್ಲ. 2025ರಲ್ಲಿ ಇಂಥ ಪ್ಲಾನುಗಳಲ್ಲಿ ಒಂದು ಕುಟುಂಬ ಪ್ರೀಮಿಯಂ ಬಿಟ್ಟು ವರ್ಷಕ್ಕೆ 18,400 ಡಾಲರ್‌ವರೆಗೂ ಕೈಯಿಂದ ಹಾಕಬೇಕಾಗಬಹುದಿತ್ತು. ಸರ್ಕಾರದ ಹಣವೂ ಇದೆ, ಖಾಸಗಿ ಕಂಪನಿಯ ನಿಯಮವೂ ಇದೆ. ನಮಗೆ ಮಾತ್ರ ಎರಡೂ ಕಡೆಯ ಕಾಗದಪತ್ರ.

ಅತ್ತೆಯವರ ಮೆಡಿಕೇರ್ ಬೇರೆಯದೇ ಕಥೆ. ಭಾವನವರು ಇಲ್ಲಿಯ ಪ್ರಜೆ, ಅವರ ಮೂಲಕ ಅತ್ತೆಗೆ ಗ್ರೀನ್ ಕಾರ್ಡ್ ಆಯಿತು. 65 ದಾಟಿದ ಗ್ರೀನ್ ಕಾರ್ಡಿನವರು ಐದು ವರ್ಷ ಸತತವಾಗಿ ಇಲ್ಲಿದ್ದರೆ ದುಡ್ಡು ಕಟ್ಟಿ ಮೆಡಿಕೇರ್ ಸೇರಬಹುದು. ಇಲ್ಲಿ ಹತ್ತು ವರ್ಷ ದುಡಿದು ತೆರಿಗೆ ಕಟ್ಟಿದವರಿಗೆ ಪಾರ್ಟ್ ಎಗೆ (ಆಸ್ಪತ್ರೆ ಸೇರಿದಾಗಿನ ಖರ್ಚಿನ ಭಾಗ) ಪ್ರೀಮಿಯಂ ಇಲ್ಲ. ಅತ್ತೆ ದುಡಿದಿಲ್ಲವಾದ್ದರಿಂದ 2025ರಲ್ಲಿ ತಿಂಗಳಿಗೆ ಪಾರ್ಟ್ ಎಗೆ 518, ಪಾರ್ಟ್ ಬಿಗೆ (ಡಾಕ್ಟರ ಖರ್ಚಿನ ಭಾಗ) 185 ಡಾಲರ್ ಇತ್ತು. ಅಣ್ಣ ತಮ್ಮ ಹಂಚಿಕೊಳ್ಳುತ್ತಾರೆ. ಅಗ್ಗವಲ್ಲ. ಆದರೆ ಅವರ ಕಣ್ಣಿನ ಪೊರೆಯ ಆಪರೇಷನ್‌ಗೆ ಯಾವ ನೆಟ್‌ವರ್ಕ್ ಎಂದು ಹುಡುಕಲಿಲ್ಲ, ಮೆಡಿಕೇರ್ ತೆಗೆದುಕೊಳ್ಳುವ ಡಾಕ್ಟರಲ್ಲಿ ಮನಸ್ಸಿಗೆ ಬಂದವರ ಹತ್ತಿರ ಹೋದೆವು. ಪೊರೆ ತೆಗೆದ ಮೇಲೆ ಒಂದು ಜೊತೆ ಕನ್ನಡಕಕ್ಕೂ ಮೆಡಿಕೇರ್ ನೆರವಾಗುತ್ತದೆ. ಇನ್ಸುಲಿನ್‌ಗೆ ತಿಂಗಳಿಗೆ 35 ಡಾಲರ್ ಮಿತಿ. ಕೊರತೆಯೂ ಇದೆ: ಪಾರ್ಟ್ ಬಿಯಲ್ಲಿ ಸಾಮಾನ್ಯವಾಗಿ 20 ಪರ್ಸೆಂಟ್ ನಮ್ಮದೇ, ಅದಕ್ಕೆ ಮಿತಿಯಿಲ್ಲ, ಅದಕ್ಕೇ ಜನ ಆ ಪಾಲು ತುಂಬುವ ಮೆಡಿಗ್ಯಾಪ್ ಎಂಬ ಖಾಸಗಿ ವಿಮೆ ಕೊಳ್ಳುತ್ತಾರೆ. ಹಲ್ಲು ಇಲ್ಲ. (ಹಲ್ಲಿಗೆ ಅತ್ತೆಯೂ ಬೆಂಗಳೂರಿಗೆ ಹೋದಾಗಲೇ ತೋರಿಸಿಕೊಂಡು ಬರುವುದು, ನಮ್ಮಲ್ಲಿ ಮುಕ್ಕಾಲು ಜನರಂತೆ.) ನಾಲ್ಕರಲ್ಲಿ ಕಾಯುವುದೂ ಕಡಿಮೆ, ಕೆಲಸ ಹೋಗುವ ಭಯವೂ ಇಲ್ಲ ಎಂದು ಎರಡೂ ಒಟ್ಟಿಗೆ ಕಂಡದ್ದು ಇಲ್ಲೊಂದೇ ಕಡೆ. ಇದು ನಡೆಯುವುದು ತೆರಿಗೆ ಮತ್ತು ಪ್ರೀಮಿಯಂ ಕೂಡಿದ ಹಣದಿಂದ, ಅದೂ ಅಮೆರಿಕದಲ್ಲೇ, 1966ರಿಂದ.

ಈಗ ಆ ಎರಡನೇ ಆಕ್ಷೇಪಕ್ಕೆ ಬರೋಣ. ನಮ್ಮ ಗೆಳೆಯರ ಪ್ರತಿ ಪೇ ಸ್ಲಿಪ್‌ನಲ್ಲೂ ಮೆಡಿಕೇರ್ ಎಂದು 1.45 ಪರ್ಸೆಂಟ್ ಹಿಡಿಯುತ್ತಾರೆ, ಕಂಪನಿ ಇನ್ನೂ ಅಷ್ಟು ಸೇರಿಸುತ್ತದೆ. ಹತ್ತು ವರ್ಷ ತುಂಬುವ ಮೊದಲೇ ಊರಿಗೆ ಮರಳುವ ಎಚ್-1ಬಿಯವರಿಗೆ ಅದರಿಂದ ಏನೂ ಸಿಗುವುದಿಲ್ಲ. ಅಂದರೆ ಇನ್ನೊಬ್ಬರ ಆಸ್ಪತ್ರೆ ಖರ್ಚನ್ನು ನಾವು ಈಗಾಗಲೇ ಕೊಡುತ್ತಿದ್ದೇವೆ, ಮತ್ತು ಅತ್ತೆಯ ಕಣ್ಣು ಸರಿಹೋದದ್ದು ಅಂಥ ಅಪರಿಚಿತರ ದುಡ್ಡಿನಿಂದಲೂ ಹೌದು. 2023ರಲ್ಲಿ ಅಮೆರಿಕ ಆರೋಗ್ಯಕ್ಕೆ ಸುರಿದದ್ದು 4.9 ಲಕ್ಷ ಕೋಟಿ ಡಾಲರ್, ತಲೆಗೆ 14,570. ಇದರಲ್ಲಿ ಹತ್ತಿರ ಹತ್ತಿರ ಅರ್ಧ ಈಗಲೇ ಸರ್ಕಾರಗಳ ಬೊಕ್ಕಸದಿಂದ ಬರುತ್ತಿದೆ. ದೇಶದ ಒಟ್ಟು ಉತ್ಪನ್ನದ (ಜಿಡಿಪಿ) 17.6 ಪರ್ಸೆಂಟ್ ಖರ್ಚು ಮಾಡಿಯೂ 2 ಕೋಟಿ 60 ಲಕ್ಷ ಜನ ಆ ವರ್ಷ ಇನ್ಶೂರೆನ್ಸ್ ಇಲ್ಲದೆ ಇದ್ದರು. ಕೆನಡಾ ಸುಮಾರು 12 ಪರ್ಸೆಂಟ್‌ನಲ್ಲಿ ಎಲ್ಲರನ್ನೂ ಒಳಗೆ ತಂದಿದೆ. ಅಲ್ಲಿಯವರು ಸರಾಸರಿ ಮೂರು ವರ್ಷ ಹೆಚ್ಚು ಬದುಕುತ್ತಾರೆ. ಇದಕ್ಕೆ ಬಂದೂಕು, ಮಾದಕ ವಸ್ತು, ಬೊಜ್ಜು ಹೀಗೆ ಬೇರೆ ಕಾರಣಗಳೂ ಇರುವುದರಿಂದ ಪೂರ್ತಿ ಶ್ರೇಯಸ್ಸನ್ನು ಹಸಿರು ಕಾರ್ಡಿಗೆ ಕೊಡಲಾರೆ.

ತೆರಿಗೆ ಏರುವುದಿಲ್ಲ ಎಂದು ಹೇಳುವವರನ್ನೂ ನಾನು ನಂಬುವುದಿಲ್ಲ. ವರ್ಮಾಂಟ್ ರಾಜ್ಯ 2011ರಲ್ಲಿ ಎಲ್ಲರಿಗೂ ಒಂದೇ ವ್ಯವಸ್ಥೆ ಎಂದು ಕಾನೂನು ಮಾಡಿತು. ಲೆಕ್ಕ ಹಾಕಿದಾಗ ಕಂಪನಿಗಳ ಮೇಲೆ ಸಂಬಳದ 11.5 ಪರ್ಸೆಂಟ್, ಜನರ ಆದಾಯದ ಮೇಲೆ 9.5 ಪರ್ಸೆಂಟ್‌ವರೆಗೆ ತೆರಿಗೆ ಬೇಕಾಯಿತು. ಗವರ್ನರ್ ಪೀಟರ್ ಶಮ್ಲಿನ್ 2014ರ ಡಿಸೆಂಬರ್‌ನಲ್ಲಿ ಕೈಬಿಟ್ಟರು. 2018ರಲ್ಲಿ ಮರ್ಕೇಟಸ್ ಸೆಂಟರ್ ಎಂಬ ಸಂಸ್ಥೆ ಸೆನೆಟರ್ ಬರ್ನಿ ಸ್ಯಾಂಡರ್ಸ್ ಅವರ ಎಲ್ಲರಿಗೂ ಮೆಡಿಕೇರ್ ಯೋಜನೆಗೆ ಕೇಂದ್ರ ಸರ್ಕಾರ ಹತ್ತು ವರ್ಷದಲ್ಲಿ 32.6 ಲಕ್ಷ ಕೋಟಿ ಡಾಲರ್ ಹೆಚ್ಚುವರಿ ಹಾಕಬೇಕೆಂದು ಅಂದಾಜು ಮಾಡಿತು. ಮೊತ್ತ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಆದರೆ ಕುಟುಂಬವೊಂದಕ್ಕೆ ಸರಾಸರಿ 25,572 ಡಾಲರ್ ಆಗುವ ಆ ಪ್ರೀಮಿಯಂ ಆಗ ಇರುವುದಿಲ್ಲವಲ್ಲ? ಅದರಲ್ಲಿ ಕಂಪನಿ ಕಟ್ಟುವ 19,276 ಕೂಡ ನಮ್ಮ ಕೈಗೆ ಬರಬೇಕಾದ ಸಂಬಳವೇ. ನಿಜವಾದ ತೊಡಕು ಬೇರೆ ಇದೆ: ಮೆಡಿಕೇರ್ ಆಸ್ಪತ್ರೆಗಳಿಗೆ ಕೊಡುವ ದರ ಖಾಸಗಿ ಇನ್ಶೂರೆನ್ಸ್ ಕೊಡುವುದಕ್ಕಿಂತ ಕಡಿಮೆ. ಎಲ್ಲರಿಗೂ ಅದೇ ದರವೆಂದರೆ ಹಳ್ಳಿಗಾಡಿನ ಸಣ್ಣ ಆಸ್ಪತ್ರೆಗಳು ಮುಚ್ಚಬಹುದು, ಒಂಟಾರಿಯೊದ ಹಾಗೆ ಸಾಲೂ ಉದ್ದವಾಗಬಹುದು. ದರ ನಿಗದಿ ಮತ್ತು ಡಾಕ್ಟರುಗಳ ಸಂಖ್ಯೆ, ಈ ಎರಡಕ್ಕೆ ಉತ್ತರವಿಲ್ಲದ ಯಾವ ಯೋಜನೆಯನ್ನೂ ನಾನು ಬೆಂಬಲಿಸುವುದಿಲ್ಲ.

ಹಾಗಿದ್ದೂ ನನ್ನ ಆಯ್ಕೆ ತೆರಿಗೆಯೇ. ಒಹಿಪ್ ಅನ್ನು ಹಾಗೇ ತಂದು ನೆಡುವುದಲ್ಲ, ಔಷಧಿಯನ್ನು ಹೊರಗಿಟ್ಟ ಅದರ ಕೊರತೆ ಇಲ್ಲಿಗೆ ಬೇಡ. ಮೆಡಿಕೇರ್‌ನ ವಯಸ್ಸನ್ನು ಕೆಳಗಿಳಿಸುತ್ತ, ಮಕ್ಕಳನ್ನು ಮೊದಲೇ ಸೇರಿಸುತ್ತ ಹೋಗುವುದು. ಹೆಚ್ಚಿನ ಅನುಕೂಲ ಬೇಕಾದವರು ಮೆಡಿಗ್ಯಾಪ್‌ನಂತೆ ಮೇಲೆ ಕೊಳ್ಳಲಿ. ಮಕ್ಕಳ ವಿಷಯದಲ್ಲಿ ನ್ಯೂಜೆರ್ಸಿ 2023ರಿಂದ ಕಾಗದಪತ್ರ ಇಲ್ಲದ ಬಡ ಮನೆಯ ಮಕ್ಕಳನ್ನೂ ರಾಜ್ಯವೇ ನಡೆಸುವ ಆರೋಗ್ಯ ವಿಮೆಯಾದ ತನ್ನ ಫ್ಯಾಮಿಲಿಕೇರ್‌ಗೆ ಸೇರಿಸಿಕೊಂಡಿದೆ. ಅಷ್ಟು ದೂರ ಒಂದು ರಾಜ್ಯವೇ ಹೋಗಬಲ್ಲದು. ಪೂರ್ತಿ ಬದಲಾವಣೆ ಮಾತ್ರ ವಾಷಿಂಗ್ಟನ್‌ನಿಂದಲೇ ಬರಬೇಕು, ವರ್ಮಾಂಟ್‌ನಂಥ ಸಣ್ಣ ರಾಜ್ಯದ ಭುಜಕ್ಕೆ ಆ ಭಾರ ಹೆಚ್ಚು.

ಅಲ್ಲಿಯವರೆಗೆ ಇಲ್ಲಿರುವುದರಲ್ಲಿ ಆರಿಸಿಕೊಳ್ಳಬೇಕಾದವರಿಗೆ: ಮನೆಯಲ್ಲಿ ಒಬ್ಬರಿಗಾದರೂ ದೀರ್ಘಕಾಲದ ಕಾಯಿಲೆ ಇದ್ದರೆ ಕಡಿತ ಹೆಚ್ಚಾದರೂ ಪಿಪಿಓ ತೆಗೆದುಕೊಳ್ಳಿ. ಕೆಲಸ ಹೋದರೆ ಕೋಬ್ರಾ ಆರಿಸಲು 60 ದಿನ ಇರುತ್ತದೆ, ಆ ಗಡುವಿನೊಳಗೆ ಆರಿಸಿ ಬಾಕಿ ಪ್ರೀಮಿಯಂ ತುಂಬಿದರೆ ಇನ್ಶೂರೆನ್ಸ್ ನಿಂತ ದಿನದಿಂದಲೇ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಗಾಬರಿಯಲ್ಲಿ ಅವತ್ತೇ ಕಟ್ಟಬೇಡಿ. ಮಾರ್ಕೆಟ್‌ಪ್ಲೇಸ್‌ಗೂ ಅಷ್ಟೇ ದಿನಗಳ ಗಡುವು, ಎಚ್-1ಬಿ, ಅವರ ಸಂಸಾರದ ಎಚ್-4 ವೀಸಾದವರು ಅಲ್ಲಿ ಕೊಳ್ಳಲು ಅರ್ಹರಲ್ಲ ಎಂಬ ಮಾತು ತಪ್ಪು. ಅಪ್ಪ ಅಮ್ಮನಿಗೆ ಗ್ರೀನ್ ಕಾರ್ಡ್ ಮಾಡಿಸುವವರು ಮೊದಲ ಐದು ವರ್ಷ ಅವರಿಗೆ ಮೆಡಿಕೇರ್ ಇರುವುದಿಲ್ಲ ಎಂಬುದನ್ನು ಟಿಕೆಟ್ ತೆಗೆಯುವ ಮೊದಲೇ ಲೆಕ್ಕ ಹಾಕಿಟ್ಟುಕೊಳ್ಳಿ.