ಆಗುಂಬೆಯ ಇರುಳು, ತಮನ್ ನೆಗಾರದ ಗುಹೆ, ಪೆರಿಯಾರಿನ ಜಾಡು: ಮೂರು ಮಳೆಕಾಡು ನಡಿಗೆಗಳ ಹೋಲಿಕೆ

ಆಗುಂಬೆಯಲ್ಲಿ ಜುಲೈ ತಿಂಗಳ ಮೂರು ರಾತ್ರಿ, ಮಲೇಷ್ಯಾದ ತಮನ್ ನೆಗಾರದಲ್ಲಿ ನಾಲ್ಕು ದಿನ, ಕೇರಳದ ಪೆರಿಯಾರಿನಲ್ಲಿ ಒಂದು ರಾತ್ರಿ ಎರಡು ಹಗಲು. ಮೂರೂ ಕಡೆ ಗೈಡ್ ಜೊತೆಗೇ ಹೋಗಿದ್ದು. ಕೊಪ್ಪದ ಕಡೆಯ ತೋಟದ ಮನೆಯಲ್ಲಿ ಬೆಳೆದವಳು ಕಾಡು ನೋಡೋಕೆ ದುಡ್ಡು ಕೊಡ್ತೀಯಾ ಅಂತ ಅಮ್ಮ ಕೇಳಿದ್ದಳು. ಮನೆ ಹಿಂದಿನ ಹಾಡ್ಯ ಗೊತ್ತಿದ್ದ ಮಾತ್ರಕ್ಕೆ ಮಳೆಕಾಡು ಗೊತ್ತಿದೆ ಅಂತಲ್ಲ ಎನ್ನುವುದು ನನಗೆ ಆಗುಂಬೆಯ ಮೊದಲ ರಾತ್ರಿಯೇ ತಿಳಿಯಿತು.

ಅಲ್ಲಿಂದಲೇ ಶುರು ಮಾಡುತ್ತೇನೆ. ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಮಳೆಯ ಊರು. ಹಾವುಗಳ ತಜ್ಞ ರೋಮ್ಯುಲಸ್ ವಿಟೇಕರ್ 2005ರಲ್ಲಿ ಇಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಕಟ್ಟಿದರು, ಕಾಳಿಂಗ ಸರ್ಪದ ಮೈಯೊಳಗೆ ರೇಡಿಯೋ ಟ್ರಾನ್ಸ್‌ಮೀಟರ್ ಇಟ್ಟು ಅದರ ಓಡಾಟ ಹಿಂಬಾಲಿಸಿದ ಅಧ್ಯಯನ ನಡೆದದ್ದೂ ಇಲ್ಲೇ. 2024ರಲ್ಲಿ ಪಶ್ಚಿಮ ಘಟ್ಟದ ಕಾಳಿಂಗ ಬೇರೆಯೇ ಪ್ರಭೇದ ಎಂದು ಗುರುತಿಸಿದಾಗ ಓಫಿಯೋಫೇಗಸ್ ಕಾಳಿಂಗ ಎಂದು ನಮ್ಮ ಮಾತಿನ ಹೆಸರನ್ನೇ ಇಟ್ಟರು. ಅದು ನನಗೆ ಕಾಣಲಿಲ್ಲ. ಮಳೆಗಾಲದ ರಾತ್ರಿ ನಡಿಗೆಗೆ ಹೋಗುವವರು ಅದನ್ನು ಕಾಣುವ ಆಸೆ ಇಟ್ಟುಕೊಳ್ಳಲೂಬಾರದು, ಅದು ಹಗಲು ಓಡಾಡುವ ಹಾವು.

ರಾತ್ರಿ ಏಳೂವರೆಗೆ ಹೊರಟೆವು, ನಾಲ್ಕೇ ಜನ. ಗೈಡ್ ಅಲ್ಲೇ ಪಕ್ಕದ ಊರಿನ ಹುಡುಗ. ನೂರು ಮೀಟರ್ ದಾಟಲು ಮುಕ್ಕಾಲು ಗಂಟೆ ಹಿಡಿಯಿತು ಎಂದರೆ ನಂಬಬೇಕು. ಹಳ್ಳದ ಮೇಲೆ ಬಾಗಿದ ಕೊಂಬೆಯಲ್ಲಿ ಹಾರುವ ಕಪ್ಪೆಯ ನೊರೆಗೂಡು ಇತ್ತು. ಮರಿಗಳು ಹೊರಬಂದಾಗ ನೇರ ಕೆಳಗಿನ ನೀರಿಗೇ ಬೀಳುತ್ತವೆ. ಅದನ್ನು ತೋರಿಸಿ ಮುಂದೆ ಹೋದವನು ತಟ್ಟನೆ ಕೈ ಅಡ್ಡ ಹಿಡಿದ. ಟಾರ್ಚ್ ಬೆಳಕು ಒಂದು ಪೊದೆಯ ಮೇಲೆ ನಿಂತಿತು. ನಮಗೆ ಕಂಡದ್ದು ಹಾವಸೆ ಕಟ್ಟಿದ ಒಂದು ರೆಂಬೆ, ಅಷ್ಟೇ. ‘ಎಲೆಯ ಕೆಳಗೆ ನೋಡಿ, ರೆಂಬೆಗೆ ಒಂದು ಗಂಟು ಇದೆಯಲ್ಲ’ ಅಂದ. ಆ ಗಂಟು ಮಲಬಾರ್ ಗುಳಿಮಂಡಲದ ತಲೆ! ಮೂತಿಯ ತುದಿಯಲ್ಲಿ ಮಳೆಹನಿ ಒಂದು ತುಂಬಿಕೊಂಡು ಬಂದು ಬಿತ್ತು, ಇನ್ನೊಂದು ತುಂಬತೊಡಗಿತು. ಹಾವು ಮಿಸುಕಲಿಲ್ಲ. ಮಾರನೆಯ ರಾತ್ರಿಯೂ ಅದೇ ರೆಂಬೆಯಲ್ಲಿತ್ತು, ತಲೆ ಮಾತ್ರ ಆ ಕಡೆ ತಿರುಗಿತ್ತು. ಕಪ್ಪೆಯೋ ಓತಿಯೋ ಹತ್ತಿರ ಬರುವವರೆಗೆ ದಿನಗಟ್ಟಲೆ ಒಂದೇ ಕಡೆ ಕಾಯುವುದೇ ಅದರ ಬೇಟೆ.

ಮೂರನೆಯ ರಾತ್ರಿ ಬೇರೆ ಒಬ್ಬ ಗೈಡ್ ಬಂದ. ಫೋಟೋ ಚೆನ್ನಾಗಿ ಬರಲಿ ಅಂತ ಕೋಲಿನಲ್ಲಿ ಹಾವನ್ನು ಎತ್ತಿ ಎದುರಿನ ಬಳ್ಳಿಗೆ ಹಾಕಲು ಹೋದ. ನಾನು ಅಲ್ಲಿಂದಲೇ ವಾಪಸು ಬಂದೆ, ದುಡ್ಡು ಹೋದರೆ ಹೋಗಲಿ. ಹಾವಿಗೆ ಹಿಂಸೆ ಎನ್ನುವುದು ಒಂದು ಮಾತಾದರೆ, ನಮ್ಮಲ್ಲಿ ಸಿಗುವ ಪ್ರತಿವಿಷ ತಯಾರಾಗಿರುವುದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ ಎನ್ನುವುದು ಇನ್ನೊಂದು. ಗುಳಿಮಂಡಲ ಆ ಪಟ್ಟಿಯಲ್ಲಿಲ್ಲ, ಕಾಳಿಂಗವೂ ಇಲ್ಲ. ಗೈಡ್ ಗೊತ್ತುಮಾಡುವ ಮೊದಲೇ ಕೇಳಿ: ಹಾವು ಮುಟ್ಟುತ್ತೀರಾ? ಹೌದು ಎಂದರೆ ಬೇರೆಯವರನ್ನು ಹುಡುಕಿ.

ತಮನ್ ನೆಗಾರದ ಅನುಭವವೇ ಬೇರೆ. ಮಲಯ ಭಾಷೆಯಲ್ಲಿ ಆ ಹೆಸರಿಗೆ ರಾಷ್ಟ್ರೀಯ ಉದ್ಯಾನ ಎಂದೇ ಅರ್ಥ, ‘ನೆಗಾರ’ ನಮ್ಮ ‘ನಗರ’ ಎಂಬ ಪದದಿಂದಲೇ ಹೋದದ್ದು. ಪಹಾಂಗ್, ಕೆಲಾಂತನ್, ತೆರೆಂಗಾನು ಮೂರು ರಾಜ್ಯಗಳಲ್ಲಿ ಹರಡಿದ 4,343 ಚದರ ಕಿಲೋಮೀಟರ್ ಕಾಡು. ಕ್ವಾಲಾಲಂಪುರದಲ್ಲಿರುವ ತಂಗಿಯ ಜೊತೆ ಹೋಗಿದ್ದೆ. ತೆಂಬೆಲಿಂಗ್ ನದಿಯಲ್ಲಿ ಉದ್ದನೆಯ ಮರದ ದೋಣಿಯಲ್ಲಿ ಕುಳಿತು ಕ್ವಾಲಾ ತಹಾನ್ ತಲುಪಿದೆವು.

ಮೊದಲ ಎರಡು ದಿನದ್ದು ಮಾಮೂಲಿ ಪ್ಯಾಕೇಜ್. ಮರದ ತುದಿಯ ತೂಗುನಡಿಗೆ, ರಾತ್ರಿ ಒಂದು ಸುತ್ತು, ಅಲ್ಲಿನ ಮೂಲನಿವಾಸಿಗಳಾದ ಬಾತೆಕ್ ಜನರ ಹಾಡಿಗೆ ಭೇಟಿ. ರಾತ್ರಿ ನಡಿಗೆಗೆ ಇಪ್ಪತ್ತಕ್ಕೂ ಹೆಚ್ಚು ಜನರನ್ನು ಸೇರಿಸಿದ್ದರು. ಹಿಂದೆ ಇದ್ದವರಿಗೆ ಮುಂದಿನವರ ಬೆನ್ನು ಬಿಟ್ಟು ಏನೂ ಕಾಣಲಿಲ್ಲ. ಬಾತೆಕ್ ಹಾಡಿಯಲ್ಲಿ ಒಬ್ಬ ಹಿರಿಯರು ಒಣಗಿದ ಮರದ ತುಂಡಿಗೆ ಬೆತ್ತದ ಸೀಳು ಸುತ್ತಿ ಸರಸರ ಎಳೆದು ಬೆಂಕಿ ಹುಟ್ಟಿಸಿ ತೋರಿಸಿದರು. ಹೊಗೆ ಏಳುತ್ತಿದ್ದಂತೆ ಎಲ್ಲರ ಮೊಬೈಲೂ ಮೇಲೆದ್ದವು. ಅವರು ನಮ್ಮ ಯಾರ ಮುಖವನ್ನೂ ನೋಡಲಿಲ್ಲ. ಅವರ ಬದುಕನ್ನು ಅರ್ಧ ಗಂಟೆಯ ಪ್ರದರ್ಶನ ಮಾಡಿ ಮಾರುವುದು ನನಗೆ ಸಂಕಟ ಕೊಟ್ಟಿತು, ಇವತ್ತಿಗೂ ಕೊಡುತ್ತದೆ.

ಆದರೆ ಊದುಕೊಳವೆಯ ಬಾಣಕ್ಕೆ ಹಚ್ಚುವ ವಿಷದ ಮರ ಯಾವುದು ಎಂದು ಕೇಳಿದಾಗ ‘ಇಪೋ’ ಎಂದರು. ಹೃದಯವನ್ನೇ ನಿಲ್ಲಿಸುವ ಹಾಲು ಅದರದ್ದು. ಆಮೇಲೆ ಹುಡುಕಿ ನೋಡಿದರೆ ಅದು ನಮ್ಮ ಅಜ್ಜನಪಟ್ಟೆ ಮರ! ಘಟ್ಟದಲ್ಲಿ ಇದರ ತೊಗಟೆಯನ್ನು ಇಡಿಯಾಗಿ ಬಿಡಿಸಿ ಚೀಲ ಮಾಡುತ್ತಿದ್ದರು. ಒಂದೇ ಮರ ಅಲ್ಲಿ ಬಾಣದ ತುದಿಗೆ, ಇಲ್ಲಿ ಧಾನ್ಯದ ಚೀಲಕ್ಕೆ.

ಕೊನೆಯ ಎರಡು ದಿನದ ಚಾರಣಕ್ಕೆ ನಾವಿಬ್ಬರೇ ಬೇರೆ ಗೈಡ್ ಹಿಡಿದೆವು. ಕ್ವಾಲಾ ಕೆನಿಯಮ್‌ವರೆಗೆ ದೋಣಿ, ಅಲ್ಲಿಂದ ನಡೆದು ಗುವಾ ಕೆಪಾಯಾಂಗ್ ಎಂಬ ಗುಹೆಯಲ್ಲಿ ರಾತ್ರಿ. ಕಾಡಿನಲ್ಲಿ ಬದುಕಿ ಉಳಿಯುವುದು ಎಂದರೇನು ಅಂತ ಕಲಿತದ್ದು ಇಲ್ಲಿ. ಅವರು ಕಲಿಸಿದ ಮೊದಲನೆಯ ಪಾಠ, ಆಗಾಗ ನಿಂತು ಹಿಂದೆ ತಿರುಗಿ ನೋಡುವುದು. ಹೋಗುವಾಗ ಕಂಡ ದಾರಿ ವಾಪಸು ಬರುವಾಗ ಅದೇ ದಾರಿಯ ಹಾಗೆ ಕಾಣುವುದಿಲ್ಲ. ಮೇಲಿನ ಹಸಿರು ಚಪ್ಪರ ದಾಟಿ ನೆಲಕ್ಕೆ ಬೆಳಕು ಬೀಳುವುದೇ ನೂರರಲ್ಲಿ ಒಂದೆರಡು ಪಾಲು. ನೆರಳು ಬೀಳದಿದ್ದರೆ ದಿಕ್ಕು ಹೇಗೆ ತಿಳಿಯಬೇಕು? ಅದಕ್ಕೇ ಅವರು ಕವಲು ಬಂದಲ್ಲೆಲ್ಲ ಒಂದು ಎಳೆಗಿಡವನ್ನು ಮುರಿದು, ಎಲೆಯ ಬಿಳಿಚು ಬೆನ್ನು ಮೇಲಾಗುವಂತೆ ಬಾಗಿಸುತ್ತಿದ್ದರು. ಎರಡನೆಯದು, ಹೊರಗೆ ಸಂಜೆಯಾಗುವ ಮೊದಲೇ ಒಳಗೆ ಕತ್ತಲಾಗುತ್ತದೆ, ಆದ್ದರಿಂದ ನಾಲ್ಕು ಗಂಟೆಗೆ ತಂಗುವ ಜಾಗ ಸೇರಿರಬೇಕು. ಬೆತ್ತದ ಬಳ್ಳಿ ಕಡಿದು ನೀರು ತೊಟ್ಟಿಕ್ಕುವುದನ್ನು ತೋರಿಸಿದರು. ಒಂದು ಬೊಗಸೆಯೂ ತುಂಬಲಿಲ್ಲ. ‘ಇದನ್ನು ನಂಬಿ ಬರಬೇಡಿ, ನೀರು ಹೊತ್ತು ತನ್ನಿ’ ಅಂದರು. ಆ ಪ್ರಾಮಾಣಿಕತೆಗೇ ಕೊಟ್ಟ ದುಡ್ಡು ಸಾರ್ಥಕ ಅನ್ನಿಸಿತು.

ಗುಹೆಯ ಬಾಯಲ್ಲಿ ಆನೆಲದ್ದಿ. ಅವರು ಬಗ್ಗಿ ಅಂಗೈ ಹಿಂಭಾಗವನ್ನು ತಾಗಿಸಿ ನೋಡಿ, ನಿನ್ನೆಯದು ಎಂದರು. ಆಮೇಲೆ ಅನ್ನ ಬೇಯಿಸಿದೆವು. ರಾತ್ರಿಯಿಡೀ ಬಾವಲಿಗಳ ರೆಕ್ಕೆಯ ಗಾಳಿ ಮುಖಕ್ಕೆ ಬಡಿಯುತ್ತಿತ್ತು. ಪ್ರಾಣಿ ಕಂಡದ್ದು ಕಡಿಮೆ ಎಂದು ಒಪ್ಪಿಕೊಳ್ಳಬೇಕು. ಟಪೀರ್ ಎಂಬ ಗಿಡ್ಡ ಸೊಂಡಿಲಿನ ಪ್ರಾಣಿಯನ್ನು ನೋಡಬೇಕೆಂದಿದ್ದೆ, ಕೆಸರಿನಲ್ಲಿ ಅದರ ಹೆಜ್ಜೆ ಮಾತ್ರ ಸಿಕ್ಕಿತು.

ಪೆರಿಯಾರಿನ ಟೈಗರ್ ಟ್ರೇಲ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಅರಣ್ಯ ಇಲಾಖೆಯೇ ನಡೆಸುವುದು, ಬೆರಳೆಣಿಕೆಯ ಜನರನ್ನು ಮಾತ್ರ ಕರೆದೊಯ್ಯುತ್ತಾರೆ, ಜೊತೆಗೆ ಬಂದೂಕು ಹಿಡಿದ ಗಾರ್ಡ್. ಇದರ ವಿಶೇಷ ಗೈಡುಗಳದ್ದೇ. ಒಂದು ಕಾಲಕ್ಕೆ ಇದೇ ಕಾಡಿನಲ್ಲಿ ಕಾಡುದಾಲ್ಚಿನ್ನಿಯ ತೊಗಟೆ ಕದ್ದು ಸಾಗಿಸುತ್ತಿದ್ದವರನ್ನು ತೊಂಬತ್ತರ ದಶಕದಲ್ಲಿ ಪರಿಸರ ಅಭಿವೃದ್ಧಿ ಸಮಿತಿ ಮಾಡಿ ಕಾವಲಿಗೆ ತಂದರು. ಅವರು ಪ್ರಾಣಿ ಎಲ್ಲಿದೆ ಎನ್ನುವುದನ್ನು ಕಣ್ಣಿಗಿಂತ ಮೊದಲು ಮೂಗಿನಿಂದ ಹೇಳುತ್ತಾರೆ. ಕಾಟಿಯ ಹಿಂಡಿಗೆ ಗಾಳಿ ನಮ್ಮ ವಾಸನೆ ಒಯ್ಯದಂತೆ ಅರ್ಧ ಗಂಟೆ ಸುತ್ತುಬಳಸಿ ಒಯ್ದರು, ಕೊನೆಗೆ ಬಂಡೆಯ ಹಿಂದಿನಿಂದ ಹನ್ನೆರಡು ಕಾಟಿ ಎಣಿಸಿದೆ. ದೊಡ್ಡ ಪ್ರಾಣಿ ನೋಡುವ ಆಸೆಯಿದ್ದರೆ ಮೂರರಲ್ಲಿ ಇದೇ ಸರಿ. ಕಾಡು ಮಾತ್ರ ಎಲ್ಲ ಕಡೆ ದಟ್ಟ ಇಲ್ಲ, ಹುಲ್ಲುಗಾವಲು ನಡುನಡುವೆ ಬರುತ್ತದೆ.

ಇಂಬಳ ಮೂರೂ ಕಡೆ. ಆಗುಂಬೆಯಲ್ಲಿ ಅತಿ ಹೆಚ್ಚು, ಒಂದು ರಾತ್ರಿಗೆ ನಲವತ್ತರವರೆಗೆ ಎಣಿಸಿ ಬಿಟ್ಟೆ. ಒತ್ತು ನೇಯ್ಗೆಯ, ಮೊಣಕಾಲಿನವರೆಗೆ ಬರುವ ಇಂಬಳದ ಕಾಲುಚೀಲ ಕೊಳ್ಳಿ. ಕಚ್ಚಿದ್ದನ್ನು ಕಿತ್ತೆಳೆಯಬೇಡಿ, ಬಾಯಿಯ ಕೆಳಗೆ ಉಗುರು ಜಾರಿಸಿ ಬಿಡಿಸಿ.

ಖರ್ಚಿನಲ್ಲಿ ಆಗುಂಬೆ ಎಲ್ಲಕ್ಕಿಂತ ಅಗ್ಗ. ವಿಮಾನದ ದುಡ್ಡು ಬಿಟ್ಟು ಲೆಕ್ಕ ಹಾಕಿದರೂ ಮಲೇಷ್ಯಾಕ್ಕೆ ಅದರ ನಾಲ್ಕು ಪಟ್ಟು ಆಯಿತು. ಮೊದಲ ಸಲ ಮಳೆಕಾಡಿಗೆ ಹೋಗುವವರು ಆಗುಂಬೆಗೇ ಹೋಗಿ, ಜೂನ್ ಕೊನೆಯಿಂದ ಸೆಪ್ಟೆಂಬರ್ ಒಳಗೆ, ಕನಿಷ್ಠ ಎರಡು ರಾತ್ರಿ. ಕಾಡಿನಲ್ಲಿ ದಾರಿ ಹಿಡಿಯುವುದು, ತಂಗುವುದು ಕಲಿಯಬೇಕು ಎನ್ನುವವರಿಗೆ ತಮನ್ ನೆಗಾರದ ಗುಹೆಯ ಚಾರಣ, ಮಾರ್ಚ್ ನಂತರ. ಅಲ್ಲಿ ಮೊದಲ ಎರಡು ದಿನದ ಪ್ಯಾಕೇಜ್ ಕೈಬಿಟ್ಟರೂ ನಷ್ಟವಿಲ್ಲ.

ಬರುವ ಜುಲೈಗೆ ನಾನು ಮತ್ತೆ ಆಗುಂಬೆಗೆ ಹೇಳಿಟ್ಟಿದ್ದೇನೆ, ಮೊದಲ ರಾತ್ರಿಯ ಆ ಹುಡುಗನ ಜೊತೆಗೇ. ಈ ಸಲ ಅಮ್ಮನೂ ಬರುತ್ತಾಳೆ. ಅವಳಿಗೆ ನಡೆಯಲು ಕಷ್ಟವಾಗುತ್ತದೇನೋ ಎಂದು ಆ ಹುಡುಗನಿಗೆ ಫೋನಿನಲ್ಲಿ ಹೇಳಿದರೆ, ‘ನೂರು ಮೀಟರ್ ತಾನೇ, ನಿಂತು ನಿಂತು ಹೋಗೋಣ’ ಅಂದ.