ಐಟಿಐ ಮಾಸ್ತರರೇ, ಆಸ್ಟ್ರೇಲಿಯಾ ವೀಸಾ ಅಂತ ಹೇಳಿ ನಿಮ್ಮ ಹೆಸರಲ್ಲಿ ಬಿ.ಎಡ್ ಸರ್ಟಿಫಿಕೇಟ್ ಕಳಿಸಿದರೆ ಸಹಿ ಹಾಕಬೇಡಿ

ಹುಬ್ಬಳ್ಳಿ, ಗದಗ, ಹಾವೇರಿ ಕಡೆಯ ಐಟಿಐ ಮಾಸ್ತರರು, ಪಾಲಿಟೆಕ್ನಿಕ್ ಇನ್‌ಸ್ಟ್ರಕ್ಟರ್‌ಗಳು ದಯವಿಟ್ಟು ಇದನ್ನು ಪೂರ್ತಿ ಓದಿ. ಹುಬ್ಬಳ್ಳಿ ವಿದ್ಯಾನಗರದಲ್ಲಿ ಆಫೀಸು ಮಾಡಿಕೊಂಡಿರುವ ಒಂದು ವೀಸಾ ಕನ್ಸಲ್ಟೆನ್ಸಿಯವರು ನಮ್ಮಂಥವರನ್ನೇ ಹುಡುಕಿ ಹುಡುಕಿ ಫೋನ್ ಮಾಡುತ್ತಿದ್ದಾರೆ. ನನ್ನ 2,40,000 ರೂಪಾಯಿ ಅವರ ಹತ್ತಿರ ಇದೆ. ದುಡ್ಡಿಗಿಂತ ಜಾಸ್ತಿ ಸಿಟ್ಟು ಬಂದಿರುವುದು ನನ್ನ ಹೆಸರಲ್ಲಿ ಅವರು ಮಾಡಿಸಿದ ಸುಳ್ಳು ಕಾಗದಕ್ಕೆ. ದೂರು ನಡೆಯುತ್ತಿದೆ, ಅದಕ್ಕೆ ಅವರ ಹೆಸರು ಇಲ್ಲಿ ಬರೆಯುತ್ತಿಲ್ಲ. ಫೋನ್ ಬಂದವರಿಗೆ ಯಾರು ಅಂತ ಗೊತ್ತಾಗುತ್ತದೆ.

ನಾನು ಗದಗದ ಒಂದು ಖಾಸಗಿ ಐಟಿಐನಲ್ಲಿ ಫಿಟ್ಟರ್ ಟ್ರೇಡ್ ಕಲಿಸುತ್ತೇನೆ. ವಯಸ್ಸು 36. ಐಟಿಐ ಮುಗಿಸಿ, ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿ, ಆಮೇಲೆ ಸಿಐಟಿಎಸ್ ಮಾಡಿದವನು. ಸಿಐಟಿಎಸ್ ಅಂದರೆ ಏನು ಅಂತ ನಿಮಗೆ ಹೇಳಬೇಕಾಗಿಲ್ಲ. ಟ್ರೇಡ್ ಕಲಿಸುವವನಿಗೆ ಅದೇ ಮುಖ್ಯ ಸರ್ಟಿಫಿಕೇಟ್. ಖಾಸಗಿ ಐಟಿಐ ಸಂಬಳ ಎಷ್ಟು ಅಂತಾನೂ ನಿಮಗೆ ಗೊತ್ತು. ಸರ್ಕಾರಿ ಐಟಿಐನ ಜೆಟಿಒ (ತರಬೇತಿ ಅಧಿಕಾರಿ) ಹುದ್ದೆಗೆ ಕಾದು ಕಾದು ಸಾಕಾದವರು ನಮ್ಮಲ್ಲಿ ಕಡಿಮೆ ಇಲ್ಲ. ಈ ಕನ್ಸಲ್ಟೆನ್ಸಿಯವರಿಗೂ ಇದೆಲ್ಲ ಚೆನ್ನಾಗಿ ಗೊತ್ತು.

ಗೋಕುಲ ರಸ್ತೆಯ ಒಂದು ಹೋಟೆಲ್‌ನಲ್ಲಿ ಫ್ರೀ ಸೆಮಿನಾರ್ ಅಂತ ಕರೆದರು. ಚಹಾ, ಬಿಸ್ಕಿಟ್, ಪರದೆ ಮೇಲೆ ಸಿಡ್ನಿ ಫೋಟೋ. ಕೋಟು ಹಾಕಿಕೊಂಡವನೊಬ್ಬ ನನ್ನ ಪಕ್ಕ ಬಂದು ಕೂತು, "ಸರ್, ಆಸ್ಟ್ರೇಲಿಯಾದಾಗ ಟೀಚರ್ ಮಂದಿಗೆ ಭಾರೀ ಡಿಮಾಂಡ್ ಐತ್ರಿ. ವೀಸಾಕ್ಕ ನಿಮ್ದು 80 ಪಾಯಿಂಟ್ ಆಗ್ತಾವ. ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷಾ ಸೈತ ಬ್ಯಾಡ್ರಿ" ಅಂದ. ನಾನು ಸ್ಪಷ್ಟವಾಗಿ ಹೇಳಿದೆ: ನಾನು ಶಾಲಾ ಮಾಸ್ತರ ಅಲ್ಲ, ಐಟಿಐ ಇನ್‌ಸ್ಟ್ರಕ್ಟರ್, ನನಗೆ ಬಿ.ಎಡ್ ಇಲ್ಲ. "ಅಲ್ಲೂ ಟೀಚರ್ರ, ಇಲ್ಲೂ ಟೀಚರ್ರ ಅಲ್ರೀ ಸರ್? ನೀವ್ ಟೆನ್ಶನ್ ತಗೋಬ್ಯಾಡ್ರಿ, ಫೈಲ್ ನಾವ್ ನೋಡ್ಕೋತೀವಿ."

ರಿಜಿಸ್ಟ್ರೇಷನ್‌ಗೆ 40,000. ಆಮೇಲೆ ಪ್ರೊಸೆಸಿಂಗ್ ಮೊದಲ ಕಂತು ಅಂತ 2 ಲಕ್ಷ. ಹೆಂಡತಿಯ ಬಂಗಾರ ಸೊಸೈಟಿಯಲ್ಲಿ ಅಡವಿಟ್ಟು ಕೊಟ್ಟೆ. ಮಾರ್ಕ್ಸ್‌ಕಾರ್ಡ್, ಅನುಭವ ಪತ್ರ, ಪಾಸ್‌ಪೋರ್ಟ್ ಪ್ರತಿ ಎಲ್ಲ ಕೊಟ್ಟೆ. ಮೂಲ ಸಿಐಟಿಎಸ್ ಸರ್ಟಿಫಿಕೇಟ್ ಕೂಡ "ಸ್ಕ್ಯಾನ್ ಮಾಡಾಕ" ಅಂತ ಇಟ್ಟುಕೊಂಡರು.

ಆಮೇಲೆ ಶುರುವಾಯಿತು ನೋಡಿ. ಫೋನ್ ಮಾಡಿದರೆ "ಪ್ರೊಸೆಸ್‌ನಾಗ ಐತ್ರಿ." ಮತ್ತೆ ಮಾಡಿದರೂ "ಪ್ರೊಸೆಸ್‌ನಾಗ ಐತ್ರಿ ಸರ್." ಆಫೀಸಿಗೆ ಹೋದರೆ "ಮೇಡಂ ಬೆಂಗಳೂರಿಗೆ ಹೋಗ್ಯಾರ." ಲಾಗಿನ್ ಕೊಡಿ, ನಾನೇ ನೋಡುತ್ತೇನೆ ಅಂದೆ. "ಅದು ಏಜೆಂಟ್ ಪೋರ್ಟಲ್ ರೀ, ಕ್ಲೈಂಟ್‌ಗೆ ಕೊಡಾಕ ಬರೂದಿಲ್ಲ" ಅಂದರು.

ಒಂದು ಮಧ್ಯಾಹ್ನ ವರ್ಕ್‌ಶಾಪ್‌ನಲ್ಲಿ ಹುಡುಗರಿಗೆ ಅರದಿಂದ ಉಜ್ಜುವ ಫೈಲಿಂಗ್ ಹಿಡಿಸುತ್ತಿದ್ದೆ. ವಾಟ್ಸಾಪ್‌ಗೆ ಒಂದು ಪಿಡಿಎಫ್ ಬಂತು. ಕೊನೆಯ ಪುಟಕ್ಕೆ ಸಹಿ ಮಾಡಿ ಇವತ್ತೇ ಕಳಿಸಿ ಅಂತ ಸಂದೇಶ. ಅವರು ಕಳಿಸಬೇಕಾಗಿದ್ದದ್ದು ಕೊನೆಯ ಪುಟ ಮಾತ್ರ ಅನ್ನಿಸುತ್ತದೆ, ಕಳಿಸಿದ್ದು ಇಡೀ ಫೈಲು. ಮೊದಲ ಪುಟದಲ್ಲಿ ನನ್ನ ಕೆಲಸ: ಸೆಕೆಂಡರಿ ಸ್ಕೂಲ್ ಟೀಚರ್. ಆ ಕೆಲಸಕ್ಕೆ ಆಸ್ಟ್ರೇಲಿಯಾದವರ ಕೋಡ್ 241411. ಕೆಳಗೆ ಇಳಿಸಿದೆ. ನಾನು ಕಾಲಿಡದ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸಿದ್ದೇನೆ ಅಂತ ಅನುಭವ ಪತ್ರ. ಇನ್ನೂ ಕೆಳಗೆ ನನ್ನ ಫೋಟೋ ಅಂಟಿಸಿದ ಬಿ.ಎಡ್ ಮಾರ್ಕ್ಸ್‌ಕಾರ್ಡ್. ಉತ್ತರ ಭಾರತದ ಯಾವುದೋ ವಿಶ್ವವಿದ್ಯಾಲಯ. ಫಸ್ಟ್ ಕ್ಲಾಸ್ ಬೇರೆ! ನನ್ನ ಸಿಐಟಿಎಸ್ ಆ ಫೈಲಿನಲ್ಲಿ ಎಲ್ಲೂ ಇರಲಿಲ್ಲ. ತೆಗೆದೇ ಹಾಕಿದ್ದರು.

ಕೈ ನಡುಗಿತು ಅಂತ ಹೇಳುವುದಿಲ್ಲ, ಮೈ ಉರಿಯಿತು. ವೈಸ್ ಮುಂದೆ ನಿಂತು ವರ್ಷಗಟ್ಟಲೆ ಕಲಿತದ್ದನ್ನೆಲ್ಲ ಬದಿಗಿಟ್ಟು, ನಾನು ಓದದ ಬಿ.ಎಡ್ ತಂದು ನನ್ನ ತಲೆಗೆ ಕಟ್ಟಿದ್ದಾರೆ. ಹೊರಗೆ ಬಂದು ಫೋನ್ ಮಾಡಿದೆ.

"ಏನ್ರೀ ಇದು? ನಾನ್ ಬಿ.ಎಡ್ ಎಲ್ಲಿ ಮಾಡೇನ್ರಿ?"

"ಸರ್, ಅದು ಸುಮ್ನ ಫಾರ್ಮಾಲಿಟಿ ರೀ."

"ಫಾರ್ಮಾಲಿಟಿ ಅಂದ್ರ? ಇದು ಡುಪ್ಲಿಕೇಟ್ ಮಾರ್ಕ್ಸ್‌ಕಾರ್ಡ್ ರೀ!"

"ಎಲ್ಲಾರ್ದೂ ಹಿಂಗ ಮಾಡ್ತೀವ್ರಿ ಸರ್. ಅಲ್ಲಿ ಕುಂತವ್ರು ಯಾರ್ ನೋಡ್ತಾರ? ನಿಮಗ ಹೋಗೂದ್ ಬೇಕೋ ಬ್ಯಾಡೋ, ಅಷ್ಟ್ ಹೇಳ್ರಿ."

ಆ ಕೊನೆಯ ಪುಟದಲ್ಲಿ ಏನಿತ್ತು ಗೊತ್ತಾ? ಮೇಲಿನ ಎಲ್ಲ ಮಾಹಿತಿ, ದಾಖಲೆ ನಿಜ ಅಂತ ನಾನು ಕೊಡುವ ಘೋಷಣೆ. ಸಹಿ ನನ್ನದು. ಸಿಕ್ಕಿಬಿದ್ದರೆ ಹೋಗುವುದು ನನ್ನ ಹೆಸರು. ಕನ್ಸಲ್ಟೆನ್ಸಿ ಹೆಸರು ಆ ಫೈಲಿನಲ್ಲಿ ಒಂದು ಕಡೆಯೂ ಇಲ್ಲ. ಒಂದು ಕಡೆಯೂ!

ಯಾರ್ ನೋಡ್ತಾರ ಅಂದರಲ್ಲ, ನೋಡುತ್ತಾರೆ. ಆಸ್ಟ್ರೇಲಿಯಾ ವೀಸಾ ನಿಯಮದಲ್ಲಿ 4020 ಅಂತ ಒಂದು ಷರತ್ತಿದೆ. ಸುಳ್ಳು ದಾಖಲೆ ಕೊಟ್ಟರೆ ವೀಸಾ ತಿರಸ್ಕಾರ, ಮುಂದಿನ 3 ವರ್ಷ ಆ ಷರತ್ತು ಇರುವ ಬೇರೆ ವೀಸಾಕ್ಕೂ ಅಡ್ಡಿ. ವೀಸಾ ಅರ್ಜಿಗೆ ಮಾತ್ರ ಅಲ್ಲ, ಅದಕ್ಕೂ ಮುಂಚೆ ನಮ್ಮ ಓದು, ಅನುಭವ ಪರೀಕ್ಷಿಸುವ ಸ್ಕಿಲ್ ಅಸೆಸ್‌ಮೆಂಟ್ ಸಂಸ್ಥೆಗೆ ಕೊಟ್ಟ ಕಾಗದಕ್ಕೂ ಇದು ಅನ್ವಯ. ಜೊತೆಗೆ ಅರ್ಜಿ ಹಾಕಿದ ಹೆಂಡತಿ, ಮಕ್ಕಳಿಗೂ ತಟ್ಟುತ್ತದೆ. "ಏಜೆಂಟ್ ಮಾಡಿದ್ದು, ನನಗೆ ಗೊತ್ತಿರಲಿಲ್ಲ" ಅಂದರೆ ಸುಲಭವಾಗಿ ಬಿಡುವುದಿಲ್ಲ.

ಆಮೇಲೆ ನಾನೇ ಕೂತು ಓದಿದೆ. ಶಾಲಾ ಶಿಕ್ಷಕರನ್ನು ಪರೀಕ್ಷಿಸುವುದು ಎಐಟಿಎಸ್‌ಎಲ್ ಅನ್ನುವ ಸಂಸ್ಥೆ. ಅವರಿಗೆ ಕನಿಷ್ಠ 4 ವರ್ಷದ ಉನ್ನತ ಶಿಕ್ಷಣ, ಅದರಲ್ಲಿ ಶಿಕ್ಷಕ ತರಬೇತಿ, ಶಾಲೆಯಲ್ಲಿ 45 ದಿನ ಮೇಲ್ವಿಚಾರಣೆಯಲ್ಲಿ ಪಾಠ ಮಾಡಿದ ದಾಖಲೆ ಬೇಕು. ನಮ್ಮಂಥವರ ಕೆಲಸಕ್ಕೆ ಬೇರೆಯದೇ ಕೋಡ್ ಇದೆ, ವೊಕೇಶನಲ್ ಎಜುಕೇಶನ್ ಟೀಚರ್, 242211. ಅದನ್ನು ನೋಡುವುದು ವೆಟ್‌ಅಸೆಸ್ ಅನ್ನುವ ಇನ್ನೊಂದು ಸಂಸ್ಥೆ. ನನ್ನ ಕೋಡ್ ಇದ್ದೂ ಅದನ್ನು ಯಾಕೆ ಹಾಕಲಿಲ್ಲ? ಕೇಳಿದ್ದಕ್ಕೆ "ಅದರಾಗ ಚಾನ್ಸ್ ಕಡಿಮಿ ರೀ" ಅಂದರು. ಅಂದರೆ ಮೊದಲೇ ಗೊತ್ತಿತ್ತು! ಚಾನ್ಸ್ ಕಡಿಮೆ ಅಂತ ಸೆಮಿನಾರ್‌ನಲ್ಲಿ, 40,000 ತಗೊಳ್ಳುವ ಮುಂಚೆ ಹೇಳಬೇಕಿತ್ತು ಅಲ್ವಾ?

ಆ 80 ಪಾಯಿಂಟ್ ಕಥೆಯನ್ನೂ ಕೇಳಿ. ವಯಸ್ಸು, ಓದು, ಅನುಭವ, ಇಂಗ್ಲಿಷ್‌ಗೆ ಪಾಯಿಂಟ್ ಕೊಟ್ಟು ವೀಸಾಕ್ಕೆ ಆರಿಸುತ್ತಾರೆ. ಆಸ್ಟ್ರೇಲಿಯಾ ಸರ್ಕಾರದ ವೆಬ್‌ಸೈಟ್‌ನಲ್ಲೇ ಪಾಯಿಂಟ್ ಪಟ್ಟಿ ಇದೆ, ಯಾರು ಬೇಕಾದರೂ ನೋಡಬಹುದು. 33ರಿಂದ 39 ವಯಸ್ಸಿಗೆ 25. ಆಸ್ಟ್ರೇಲಿಯಾದ ಹೊರಗೆ 5ರಿಂದ 7 ವರ್ಷ ಅನುಭವಕ್ಕೆ 10. ನನ್ನ ಓದನ್ನು ಅಸೆಸ್‌ಮೆಂಟ್‌ನವರು ಒಪ್ಪಿದರೆ 10. ಎಲ್ಲ ಸೇರಿ 45. ಹೆಂಡತಿ ಇಂಗ್ಲಿಷ್ ಪರೀಕ್ಷೆ ಪಾಸಾದರೆ ಒಂದು 5 ಸಿಗಬಹುದು, ಅವಳು ಬರೆದೇ ಇಲ್ಲ. 491 ಅನ್ನುವ ಪ್ರಾದೇಶಿಕ ವೀಸಾಕ್ಕೆ ಅಲ್ಲಿಯ ರಾಜ್ಯವೊಂದು ನಾಮಿನೇಟ್ ಮಾಡಿದರೆ ಇನ್ನೂ 15. ಹೆಂಡತಿಯ 5 ಬಿಟ್ಟರೆ ಆಗಲೂ 60. ಕನಿಷ್ಠ ಬೇಕಾಗಿರುವುದೇ 65. ಐಇಎಲ್‌ಟಿಎಸ್‌ನಲ್ಲಿ ನಾಲ್ಕೂ ವಿಭಾಗದಲ್ಲಿ 7 ಬಂದರೆ ಮಾತ್ರ ಇಂಗ್ಲಿಷ್‌ಗೆ 10 ಸಿಗುತ್ತದೆ. ಐಇಎಲ್‌ಟಿಎಸ್ ಬೇಡ ಅಂದವನು 80 ಎಲ್ಲಿಂದ ತಂದ? ಇನ್ನು 65 ಆದರೂ ಕರೆ ಬಂದೇ ಬರುತ್ತದೆ ಅಂತಿಲ್ಲ, ಜಾಸ್ತಿ ಪಾಯಿಂಟ್ ಇದ್ದವರನ್ನು ಮೊದಲು ಕರೆಯುತ್ತಾರೆ. ಆ ಸರದಿಗೆ ಹೆಸರು ಹಾಕುವುದಕ್ಕೆ ಇಒಐ ಅನ್ನುತ್ತಾರೆ, ಹಾಕುವುದು ಅಲ್ಲಿಯ ಸರ್ಕಾರದ ಸ್ಕಿಲ್‌ಸೆಲೆಕ್ಟ್ ವೆಬ್‌ಸೈಟ್‌ನಲ್ಲಿ, ಅದಕ್ಕೆ ಫೀಸೇ ಇಲ್ಲ. ನನ್ನ ಹತ್ತಿರ "ಇಒಐ ಚಾರ್ಜ್" ಅಂತ ಅದಕ್ಕೂ ಬಿಲ್ ಹಾಕಿದ್ದಾರೆ.

ದುಡ್ಡು ವಾಪಸ್ ಕೇಳಲು ಹೋದಾಗ ಮಾಲೀಕನೇ ಸಿಕ್ಕ. ಬಹಳ ಪ್ರೀತಿಯಿಂದ ಮಾತಾಡಿಸಿದ. "ಬಿ.ಎಡ್ ಬ್ಯಾಡಂದ್ರ ಬಿಡ್ರಿ ಅಣ್ಣಾರ. ಜಾಬ್ ಸ್ಪಾನ್ಸರ್ ಮಾಡಿಸಿಕೊಡ್ತೀನಿ. ಇನ್ನೊಂದ್ ಆರ್ ಲಕ್ಷ ಆಗ್ತೈತಿ, ಅಷ್ಟ." ಮೇಜಿನ ಖಾನೆಯಿಂದ ಒಂದು ಆಫರ್ ಲೆಟರ್ ತೆಗೆದು ತೋರಿಸಿದ. ಅಲ್ಲಿಯ ಒಂದು ತರಬೇತಿ ಕೇಂದ್ರದಲ್ಲಿ ಫಿಟ್ಟರ್ ಟ್ರೇನರ್, ವರ್ಷಕ್ಕೆ 52,000 ಡಾಲರ್. ಇಮೇಲ್ ವಿಳಾಸ ಜಿಮೇಲ್! ಅಲ್ಲಿ ಟ್ರೇಡ್ ಕಲಿಸುವವರಿಗೆ ಸಾಮಾನ್ಯವಾಗಿ ಕೇಳುವ ಸರ್ಟಿಫಿಕೇಟ್ 4 ಇನ್ ಟ್ರೇನಿಂಗ್ ಅಂಡ್ ಅಸೆಸ್‌ಮೆಂಟ್ ಬಗ್ಗೆ ಒಂದು ಸಾಲೂ ಇಲ್ಲ. ಕೆಲಸ ಕೊಡುವವರು ಸ್ಪಾನ್ಸರ್ ಮಾಡುವ 482 ವೀಸಾದ ಕೋರ್ ಸ್ಕಿಲ್ಸ್ ವಿಭಾಗಕ್ಕೆ 2025ರ ಜುಲೈ 1ಕ್ಕೇ ಕನಿಷ್ಠ ಸಂಬಳ 76,515 ಡಾಲರ್ ಆಗಿತ್ತು. 52,000ಕ್ಕೆ ಆ ವೀಸಾ ಯಾರೂ ಕೊಡುವುದಿಲ್ಲ. ಸ್ಪಾನ್ಸರ್‌ಶಿಪ್ ಅನ್ನು ದುಡ್ಡಿಗೆ ಮಾರುವುದು, ಕೊಳ್ಳುವುದು ಎರಡೂ 2015ರ ಡಿಸೆಂಬರ್‌ನಿಂದ ಆಸ್ಟ್ರೇಲಿಯಾ ಕಾನೂನಿಗೆ ವಿರುದ್ಧ. ಇದನ್ನು ಹೇಳಿದೆ. ಮುಖ ಬದಲಾಯಿತು. "ಭಾಳ ಓದ್ಕೊಂಡ್ ಬಂದೀರಿ ಮಾಸ್ತರ. ಕ್ಲೈಂಟ್ ತಾನಾಗೇ ಹಿಂದ ಸರದ್ರ ರಿಫಂಡ್ ಇಲ್ಲಂತ ಅಗ್ರಿಮೆಂಟ್‌ನಾಗ ಐತಿ ನೋಡ್ರಿ. ನೀವ ಸಹಿ ಮಾಡಿಲ್ಲ, ನೀವ ಹಿಂದ ಸರದೀರಿ."

ಸುಳ್ಳು ಕಾಗದಕ್ಕೆ ಸಹಿ ಮಾಡದಿದ್ದರೆ ನಾನು ಹಿಂದೆ ಸರಿದ ಹಾಗಂತೆ! ಪಕ್ಕದಲ್ಲಿ ಹೊಸ ಗಿರಾಕಿಗಳು ಕೂತಿದ್ದರು, ಅವರ ಮುಂದೆಯೇ ಹೇಳಿ ನಕ್ಕ. ಊರಲ್ಲಿ ಮಾವ ಆಗಲೇ ನಾಲ್ಕು ಮಂದಿಗೆ "ಅಳಿಯಾ ಫಾರಿನ್ನಿಗೆ ಹೊಂಟಾನ" ಅಂತ ಹೇಳಿಕೊಂಡು ಬಂದಿದ್ದರು. ಸ್ಟಾಫ್ ರೂಮಿನಲ್ಲಿ ಈಗಲೂ "ಯಾವಾಗ ರೀ ಫ್ಲೈಟು?" ಅಂತ ಕೇಳುತ್ತಾರೆ. ನಗುತ್ತಾ ಕೇಳುವವರಿಗೆ ಏನು ಹೇಳುವುದು?

ಆಫೀಸಿನ ಗೋಡೆಗೆ ಫ್ರೇಮ್ ಹಾಕಿದ ಒಂದು ನಂಬರ್ ಇದೆ, ಆಸ್ಟ್ರೇಲಿಯಾದಲ್ಲಿ ನೋಂದಾಯಿತ ಮೈಗ್ರೇಷನ್ ಏಜೆಂಟ್ ಅಂತ. ಆ ಏಜೆಂಟರ ಪಟ್ಟಿ ಇಂಟರ್‌ನೆಟ್‌ನಲ್ಲಿ ಎಲ್ಲರಿಗೂ ತೆರೆದಿದೆ. ನಂಬರ್ ಹಾಕಿ ನೋಡಿದರೆ ಬೇರೆ ಯಾರದ್ದೋ ಹೆಸರು, ವಿಳಾಸ ಆಸ್ಟ್ರೇಲಿಯಾದ್ದು. ಇನ್ನು ನಮ್ಮ ದೇಶದಲ್ಲಿ ಹೊರದೇಶಕ್ಕೆ ಕೆಲಸ ಕೊಡಿಸುತ್ತೇವೆ ಅನ್ನುವವರಿಗೆ 1983ರ ಎಮಿಗ್ರೇಷನ್ ಕಾಯ್ದೆ ಪ್ರಕಾರ ಲೈಸೆನ್ಸ್ ಬೇಕು. ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಲೈಸೆನ್ಸ್ ಇದ್ದವರ ಪಟ್ಟಿ ಇದೆ. ಅವರು ತಗೊಳ್ಳಬಹುದಾದ ಸೇವಾ ಶುಲ್ಕ 30,000 ರೂಪಾಯಿ ಮತ್ತು ಜಿಎಸ್‌ಟಿ, ಅಷ್ಟೇ. ಕೇಳಿದರೆ "ನಾವ್ ಬರೀ ವೀಸಾ ಸಲಹಾ ಕೊಡಾವ್ರು" ಅನ್ನುತ್ತಾರೆ. ಆರು ಲಕ್ಷ ಕೇಳುವಾಗ ಮಾತ್ರ ಕೆಲಸ ಕೊಡಿಸುವವರು.

ನಾನು ಈಗ ಪೊಲೀಸರಿಗೆ ಆ ಪಿಡಿಎಫ್ ಸಮೇತ ದೂರು ಕೊಟ್ಟಿದ್ದೇನೆ. ಗ್ರಾಹಕರ ಆಯೋಗಕ್ಕೂ ಹಾಕಿದ್ದೇನೆ. ಆಫೀಸು ಹುಬ್ಬಳ್ಳಿಯಲ್ಲಿದ್ದರೂ 2019ರ ಗ್ರಾಹಕ ಕಾಯ್ದೆ ಪ್ರಕಾರ ನಾವು ಇರುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಅದಕ್ಕೆ ಗದಗದಲ್ಲೇ ಹಾಕಿದೆ. ಕೊಟ್ಟ ದುಡ್ಡು 5 ಲಕ್ಷದ ಒಳಗಿದ್ದರೆ ಫೀಸಿಲ್ಲ. 2 ವರ್ಷದೊಳಗೆ ಹಾಕಬೇಕು. ನಗದು ಕೊಟ್ಟವರು ಕನಿಷ್ಠ ವಾಟ್ಸಾಪ್ ಮಾತುಗಳನ್ನಾದರೂ ಅಳಿಸಬೇಡಿ.

ಹೋಗಲೇಬೇಕು ಅನ್ನುವವರು ಹೋಗಿ, ಬೇಡ ಅನ್ನಲು ನಾನು ಯಾರು. ಆದರೆ ದುಡ್ಡು ಕೊಡುವ ಮುಂಚೆ ನಿಮ್ಮ ಕೋಡ್ ಯಾವುದು, ಅಸೆಸ್‌ಮೆಂಟ್ ಯಾರು ಮಾಡುತ್ತಾರೆ ಅಂತ ಬರೆಸಿಕೊಳ್ಳಿ. ವೀಸಾ ಅರ್ಜಿಯ ಅಕೌಂಟ್ ನಿಮ್ಮ ಇಮೇಲ್‌ನಲ್ಲೇ ತೆರೆಯಿರಿ. ಕೋಟು ಹಾಕಿಕೊಂಡವನನ್ನು ನಂಬಬೇಡಿ, ಇದು ನನ್ನ ಹೊಟ್ಟೆ ಉರಿ ಅಂದುಕೊಂಡರೂ ಪರವಾಗಿಲ್ಲ.

ಹಾವೇರಿ ಕಡೆಯ ಒಬ್ಬ ವೆಲ್ಡರ್ ಟ್ರೇಡ್ ಮಾಸ್ತರರಿಗೆ ಇದನ್ನೆಲ್ಲ ಹೇಳಿದ್ದಕ್ಕೆ ಅವರು ತಮ್ಮ ಫೈಲ್ ತೋರಿಸಿದರು. ಅದೇ ವಿಶ್ವವಿದ್ಯಾಲಯ, ಅದೇ ಬಿ.ಎಡ್, ಅದೇ ವರ್ಷ, ಅಂಕಗಳೂ ನನ್ನವೇ! ಫೋಟೋ ಮತ್ತು ಹೆಸರು ಮಾತ್ರ ಬೇರೆ. ಅವರು ಸಹಿ ಮಾಡಿ ಕಳಿಸಿಬಿಟ್ಟಿದ್ದಾರೆ. ಅರ್ಜಿ ಸಲ್ಲಿಕೆ ಆಗಿದೆಯೋ ಇಲ್ಲವೋ ಅಂತ ಕೇಳಿದರೆ ಆಫೀಸಿನವರು ಫೋನೇ ಎತ್ತುತ್ತಿಲ್ಲ. ನಿಮಗೂ ಇಂಥ ಪಿಡಿಎಫ್ ಬಂದಿದ್ದರೆ ಸಹಿ ಮಾಡಬೇಡಿ, ಅಳಿಸಲೂಬೇಡಿ. ನಿಮ್ಮ ಮೂಲ ಸರ್ಟಿಫಿಕೇಟ್ ಅವರ ಹತ್ತಿರ ಇದ್ದರೆ ನಾಳೆಯೇ ಹೋಗಿ ತಗೊಂಡು ಬನ್ನಿ, ಜೊತೆಗೆ ಇನ್ನೊಬ್ಬರನ್ನು ಕರೆದುಕೊಂಡು ಹೋಗಿ. ನನ್ನ ಸಿಐಟಿಎಸ್ ಇನ್ನೂ ಅವರ ಖಾನೆಯಲ್ಲೇ ಇದೆ.