ಕರ್ನಲ್‌ಗೆ ಮೊದಲ ಪ್ಯಾಚ್ ಕಳಿಸಲು ಸ್ಟೇಜಿಂಗ್ ಹೇಗಿದೆ?

ಹಾಸನ, ಚಿಕ್ಕಮಗಳೂರಿನ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಲಿನಕ್ಸ್ ಕರ್ನಲ್‌ಗೆ, ಅಂದರೆ ಆ ಆಪರೇಟಿಂಗ್ ಸಿಸ್ಟಂನ ತಿರುಳಿಗೆ, ಕೋಡ್ ಕೊಡಬೇಕು ಎಂದು ಕೇಳಿದರೆ ಹೆಚ್ಚಿನವರು ತೋರಿಸುವುದು ಡ್ರೈವರ್ಸ್ ಫೋಲ್ಡರಿನೊಳಗಿನ ಸ್ಟೇಜಿಂಗ್ ಎಂಬ ಜಾಗವನ್ನು. 2008ರ 2.6.28 ಆವೃತ್ತಿಯಿಂದ ಅದು ಇದೆ. ಓಡುತ್ತವೆ, ಆದರೆ ಕರ್ನಲ್‌ನ ಮಟ್ಟಕ್ಕೆ ಇನ್ನೂ ಬಂದಿಲ್ಲ ಎನ್ನುವ ಡ್ರೈವರ್‌ಗಳನ್ನು ಅಲ್ಲಿಟ್ಟು ತಿದ್ದುತ್ತಾರೆ. ಉಸ್ತುವಾರಿ ಗ್ರೆಗ್ ಕ್ರೋವಾ-ಹಾರ್ಟ್‌ಮನ್ ಅವರದು. ಪ್ಯಾಚ್, ಅಂದರೆ ಕೋಡ್‌ನಲ್ಲಿ ಮಾಡಿದ ಬದಲಾವಣೆ, ಕಳಿಸುವ ಪದ್ಧತಿ ಕಲಿಯಲು ಇದು ಬಹಳ ಒಳ್ಳೆಯ ಜಾಗ. ಆಪರೇಟಿಂಗ್ ಸಿಸ್ಟಂ ಕಲಿಯಲು ಇದೊಂದೇ ಸಾಲದು.

ಮೊದಲ ತೊಡಕು ಸೋರ್ಸ್ ಇಳಿಸಿಕೊಳ್ಳುವಾಗಲೇ ಬರುತ್ತದೆ. ಪೂರ್ತಿ ಇತಿಹಾಸದ ಕ್ಲೋನ್ (ನಕಲು) ಹಲವು ಜಿಬಿ ಆಗುತ್ತದೆ, ನಡುವೆ ಕಡಿದರೆ ಕೋಡ್‌ನ ಆವೃತ್ತಿಗಳನ್ನು ನಿರ್ವಹಿಸುವ ಗಿಟ್ ಮತ್ತೆ ಮೊದಲಿಂದ ಶುರು ಮಾಡುತ್ತದೆ. ಸಕಲೇಶಪುರ, ಮೂಡಿಗೆರೆ ಕಡೆ ಮಳೆಗಾಲದಲ್ಲಿ ಕರೆಂಟು, ಟವರ್ ಎರಡೂ ಕೈಕೊಡುವಾಗ ಇದು ಆಗಿಹೋಗುವ ಕೆಲಸವಲ್ಲ. ಇದಕ್ಕೆಂದೇ ಕರ್ನಲ್ ಡಾಟ್ ಆರ್ಗ್‌ನವರು ಕ್ಲೋನ್ ಬಂಡಲ್ ಎಂಬ ಒಂದೇ ಫೈಲ್ ಇಟ್ಟಿದ್ದಾರೆ. ಅದನ್ನು ಫೈಲ್ ಇಳಿಸುವ ವಿಗೆಟ್ ಕಮಾಂಡ್‌ನಲ್ಲಿ ಮೈನಸ್ ಸಿ ಆಯ್ಕೆ ಕೊಟ್ಟು ಇಳಿಸಿದರೆ ಎಷ್ಟು ಸಲ ಕಡಿದರೂ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಕಾಲೇಜಿನ ಲ್ಯಾಬಿನಲ್ಲಿ ಒಬ್ಬರು ಇಳಿಸಿ ಪೆನ್‌ಡ್ರೈವ್‌ನಲ್ಲಿ ಹಂಚಿಕೊಂಡರೂ ಸರಿ. ಆದರೆ ಫ್ಯಾಟ್32 ಪೆನ್‌ಡ್ರೈವ್ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಯುವುದಿಲ್ಲ, ಮೊದಲೇ ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿಕೊಳ್ಳಿ. ಬಂಡಲ್‌ನಿಂದ ಕ್ಲೋನ್ ಆದ ಮೇಲೆ ಸ್ಟೇಜಿಂಗ್ ಟ್ರೀಯನ್ನು (ಗ್ರೆಗ್ ಅವರ ಕೋಡ್ ಸಂಗ್ರಹವನ್ನು) ರಿಮೋಟ್ ಆಗಿ ಸೇರಿಸಿ ಸ್ಟೇಜಿಂಗ್-ನೆಕ್ಸ್ಟ್ ಬ್ರ್ಯಾಂಚಿಗೆ ಹೋಗಬೇಕು. ಲಿನಕ್ಸ್ ಶುರುಮಾಡಿದ ಲಿನಸ್ ಟೊರ್ವಾಲ್ಡ್ಸ್ ಅವರ ಮುಖ್ಯ ಟ್ರೀಯ ಮೇಲೆಯೇ ಪ್ಯಾಚ್ ಮಾಡಿ ಕಳಿಸಿದರೆ, ಅಷ್ಟರಲ್ಲಿ ಬೇರೆಯವರು ಅದೇ ಸಾಲು ತಿದ್ದಿರುತ್ತಾರೆ, ಪ್ಯಾಚ್ ಕೂರುವುದಿಲ್ಲ.

ಬಿಲ್ಡ್‌ಗೆ ಹೊಸ ಲ್ಯಾಪ್‌ಟಾಪೇನೂ ಬೇಡ. ಫ್ಲೆಕ್ಸ್, ಬೈಸನ್, ಲಿಬ್‌ಎಲ್ಫ್ ಮತ್ತು ಓಪನ್‌ಎಸ್‌ಎಸ್‌ಎಲ್‌ನ ಡೆವ್ ಪ್ಯಾಕೇಜ್‌ಗಳು ಹಾಕಿದ್ದರೆ, ನೀವು ತಿದ್ದುವ ಫೋಲ್ಡರನ್ನಷ್ಟೇ ಬಿಲ್ಡ್ ಮಾಡುವ ಮೇಕ್ ಕಮಾಂಡ್‌ಗೆ ಕೊಡಬಹುದು. ಅಗ್ಗದ ಟ್ಯಾಬ್ಲೆಟ್‌ಗಳ ವೈಫೈ ಚಿಪ್‌ನ ಆರ್‌ಟಿಎಲ್8723ಬಿಎಸ್ ಡ್ರೈವರನ್ನು ತೆಗೆದುಕೊಳ್ಳಿ. ಕರ್ನಲ್‌ನ ಆಯ್ಕೆಗಳ ಪಟ್ಟಿಯಾದ ಮೆನುಕಾನ್ಫಿಗ್‌ನಲ್ಲಿ ಸ್ಟೇಜಿಂಗ್ ಜೊತೆಗೆ ಎಂಎಂಸಿ, ವೈರ್‌ಲೆಸ್ ಆಯ್ಕೆಗಳೂ ಆನ್ ಆಗಿರದಿದ್ದರೆ ಅದು ಪಟ್ಟಿಯಲ್ಲೇ ಕಾಣುವುದಿಲ್ಲ. ಮೇಕ್ ಎರರ್ ಇಲ್ಲದೆ ಮುಗಿಯಿತು ಎಂದು ನೆಮ್ಮದಿಪಡಬೇಡಿ. ತಿದ್ದಿದ ಫೈಲಿನ ಡಾಟ್ ಓ (ಕಂಪೈಲ್ ಆದ ಫೈಲ್) ಹೊಸದಾಗಿ ಹುಟ್ಟಿದೆಯೇ ನೋಡಿ. ಇಲ್ಲದಿದ್ದರೆ ನಿಮ್ಮ ಬದಲಾವಣೆ ಕಂಪೈಲೇ ಆಗಿಲ್ಲ.

ಏನು ತಿದ್ದಬೇಕು ಎಂಬುದಕ್ಕೆ ಕರ್ನಲ್‌ನ ಬರವಣಿಗೆ ಶೈಲಿ ಪರೀಕ್ಷಿಸುವ ಚೆಕ್‌ಪ್ಯಾಚ್ ಸ್ಕ್ರಿಪ್ಟ್ ಸಾಲು ಸಾಲಾಗಿ ತೋರಿಸುತ್ತದೆ. ಅದು ಹೇಳಿದ್ದನ್ನೆಲ್ಲ ಕಣ್ಣುಮುಚ್ಚಿ ಮಾಡಬಾರದು. ಸ್ವಲ್ಪ ಹೊತ್ತು ಕಾಯಿಸುವ ಫಂಕ್ಷನ್‌ಗಳಲ್ಲಿ ಯುಡಿಲೇ ಬದಲು ಯುಸ್ಲೀಪ್ ರೇಂಜ್ ಹಾಕಿ ಎಂಬ ಸಲಹೆ ಪದೇ ಪದೇ ಸಿಗುತ್ತದೆ. ಯುಡಿಲೇ ಪ್ರೊಸೆಸರನ್ನು ಹಿಡಿದುಕೊಂಡೇ ಕಾಯುತ್ತದೆ, ಯುಸ್ಲೀಪ್ ರೇಂಜ್ ಪ್ರೊಸೆಸರ್ ಬಿಟ್ಟು ಮಲಗುತ್ತದೆ. ಸ್ಪಿನ್‌ಲಾಕ್ (ಮಲಗದೆ ಕಾಯುವ ಬಗೆಯ ಬೀಗ) ಹಿಡಿದಿರುವಾಗಲೋ ಇಂಟರಪ್ಟ್ ಹ್ಯಾಂಡ್ಲರ್‌ನಲ್ಲೋ ಮಲಗಿದರೆ ಸಿಸ್ಟಂ ಸಿಕ್ಕಿಬೀಳಬಹುದು. ಸಾಲದ್ದಕ್ಕೆ ಚಿಪ್‌ಗೆ ಬೇಕಾದ ಕಾಲದ ಲೆಕ್ಕವೂ ತಪ್ಪಬಹುದು. ಆ ಹಾರ್ಡ್‌ವೇರ್ ಕೈಯಲ್ಲಿಟ್ಟುಕೊಂಡು ಪರೀಕ್ಷಿಸದ ಇಂಥ ಪ್ಯಾಚನ್ನು ವಾಪಸ್ ಕಳಿಸುತ್ತಾರೆ, ಕಳಿಸಬೇಕಾದದ್ದೇ. ಮೊದಲ ಪ್ಯಾಚ್‌ಗೆ ಬಳಕೆಯಲ್ಲಿಲ್ಲದ ವೇರಿಯಬಲ್ ತೆಗೆಯುವುದು, ಕ್ಯಾಮೆಲ್‌ಕೇಸ್ (ನಡುವೆ ದೊಡ್ಡಕ್ಷರ ಬರುವ) ಹೆಸರು ಬದಲಿಸುವುದು ಸಾಕು. ಒಂದು ಪ್ಯಾಚ್‌ನಲ್ಲಿ ಒಂದೇ ಬಗೆಯ ಬದಲಾವಣೆ ಇರಲಿ. ಏನು ಮಾಡಿದೆ ಎನ್ನುವುದಕ್ಕಿಂತ ಏಕೆ ಮಾಡಿದೆ ಎಂದು ವಿವರಣೆಯಲ್ಲಿ ಬರೆಯಿರಿ.

ಹೆಚ್ಚು ಜನ ಎಡವುವುದು ಮೇಲ್‌ನಲ್ಲಿ. ಜಿಮೇಲ್ ಪುಟದಲ್ಲಿ ಅಂಟಿಸಿ ಕಳಿಸಿದ ಪ್ಯಾಚ್‌ನಲ್ಲಿ ಟ್ಯಾಬ್‌ಗಳು ಸ್ಪೇಸ್ ಆಗುತ್ತವೆ, ಸಾಲು ಮುರಿಯುತ್ತದೆ. ಗಿಟ್ ಸೆಂಡ್-ಇಮೇಲ್ ಬಳಸಿ. ಜಿಮೇಲ್ ಆದರೆ ಎರಡು ಹಂತದ ಪರಿಶೀಲನೆ ಆನ್ ಮಾಡಿ 16 ಅಕ್ಷರದ ಆ್ಯಪ್ ಪಾಸ್‌ವರ್ಡ್ ತೆಗೆದುಕೊಳ್ಳಿ, ಪೋರ್ಟ್ 587. ಹಾಸ್ಟೆಲ್ ವೈಫೈನಲ್ಲಿ ಆ ಪೋರ್ಟ್ ಮುಚ್ಚಿದ್ದರೆ ಮೊಬೈಲ್ ಹಾಟ್‌ಸ್ಪಾಟ್‌ನಿಂದ ಹೋಗುತ್ತದೆ. ಮೊದಲು ನಿಮಗೇ ಕಳಿಸಿಕೊಂಡು, ಬಂದದ್ದನ್ನು ಮೇಲ್‌ನ ಪ್ಯಾಚನ್ನು ಕೋಡ್‌ಗೆ ಸೇರಿಸುವ ಗಿಟ್ ಎಎಂ‌ನಿಂದ ಹಾಕಿ ನೋಡಿ. ನಮ್ಮ ಕಡೆಯವರು ವಿಶೇಷವಾಗಿ ಗಮನಿಸಬೇಕಾದದ್ದು ಇನಿಷಿಯಲ್: ಫ್ರಮ್ ಸಾಲಿನಲ್ಲಿ ಹೆಸರಿನ ಹಿಂದೆ, ಪ್ಯಾಚ್‌ಗೆ ಹಾಕುವ ಸಹಿಯಾದ ಸೈನ್ಡ್-ಆಫ್-ಬೈನಲ್ಲಿ ಹೆಸರಿನ ಮುಂದೆ ಬರೆದರೆ ಎರಡೂ ಹೊಂದುವುದಿಲ್ಲ. ಯಾರಿಗೆ ಕಳಿಸಬೇಕೆಂದು ಗೆಟ್ ಮೇಂಟೇನರ್ ಸ್ಕ್ರಿಪ್ಟ್ ಹೇಳುತ್ತದೆ.

ಸ್ಟೇಜಿಂಗ್‌ನ ನಿಜವಾದ ಬೆಲೆ ಇರುವುದು ರಿವ್ಯೂನಲ್ಲಿ. ಲೋಕದ ಅನುಭವಿಗಳು ನಿಮ್ಮ ಒಂದು ಸಾಲನ್ನು ಓದಿ ಉತ್ತರಿಸುತ್ತಾರೆ, ಬಿಡಿಗಾಸೂ ಕೇಳದೆ. ಉತ್ತರ ಖಾರವಾಗಿದ್ದರೂ ಅದು ಕೋಡ್‌ಗೆ ಹೇಳಿದ್ದು. ನೆನಪಿಸುವ ಮೊದಲು ಕನಿಷ್ಠ ಒಂದು ವಾರ ಕಾಯಿರಿ, ಹೊಸ ಆವೃತ್ತಿಗೆ ಕೋಡ್ ಸೇರಿಸಿಕೊಳ್ಳುವ ಎರಡು ವಾರದ ಮರ್ಜ್ ವಿಂಡೋ ನಡೆಯುತ್ತಿದ್ದರೆ ಇನ್ನೂ ಹೆಚ್ಚು. ತಿದ್ದಿ ಕಳಿಸುವಾಗ ವಿ2 ಎಂದು ಗುರುತಿಸಿ, ಏನು ಬದಲಾಯಿತೆಂದು ಮೂರು ಅಡ್ಡಗೆರೆಯ (---) ಕೆಳಗೆ ಬರೆಯಿರಿ. ಅದು ಕಮಿಟ್ ಸಂದೇಶದೊಳಗೆ ಸೇರುವುದಿಲ್ಲ.

ನಾಲ್ಕೈದು ಪ್ಯಾಚ್ ಒಪ್ಪಿಗೆಯಾದ ಮೇಲೆ ಅಲ್ಲೇ ಸ್ಪೇಸ್ ತಿದ್ದುತ್ತ ಕೂರಬೇಡಿ. ನಿಮ್ಮ ಲ್ಯಾಪ್‌ಟಾಪಿನಲ್ಲೇ ಇರುವ ಹಾರ್ಡ್‌ವೇರಿನ ಡ್ರೈವರ್‌ಗೋ ಕರ್ನಲ್‌ನ ಪರೀಕ್ಷೆಗಳಾದ ಕೆಸೆಲ್ಫ್‌ಟೆಸ್ಟ್‌ಗೋ ದಾಟಿ. ಮೇಲ್‌ನ ಪದ್ಧತಿಯೇ ಒಗ್ಗದವರಿಗೆ, ಸಿ++ ಬಲ್ಲವರಿಗೆ ಹೈಕು ಓಎಸ್ ಎಂಬ ಬೇರೊಂದು ಮುಕ್ತ ಆಪರೇಟಿಂಗ್ ಸಿಸ್ಟಂ ಒಳ್ಳೆಯದು. ಅಲ್ಲಿ ರಿವ್ಯೂ ಗೆರಿಟ್ ಎಂಬ ವೆಬ್ ಪುಟದಲ್ಲಿ ನಡೆಯುತ್ತದೆ, ಕರ್ನಲ್‌ನಿಂದ ಕಿಟಕಿ ಬಿಡಿಸುವ ಕೋಡ್‌ವರೆಗೆ ಎಲ್ಲವೂ ಒಂದೇ ರೆಪಾಸಿಟರಿಯಲ್ಲಿದೆ.